ಒಂದೇ ಮೈಯಲ್ಲಿ ಕುದುರೆ, ಸವಾರ

ಬೇಸಿಗೆ ರಜೆಯ ಮಕ್ಕಳ ರಂಗಶಿಬಿರಗಳ ಬಗ್ಗೆ ನಮ್ಮಲ್ಲಿ ಬರುವ ಬರಹವೆಲ್ಲ ಸಮಾರೋಪದ ನಾಟಕದ ಸುತ್ತಲೇ ಸುತ್ತುತ್ತದೆ. ಎಷ್ಟು ಮಕ್ಕಳು ಬಣ್ಣ ಹಚ್ಚಿದರು, ಯಾವ ಅತಿಥಿಗಳು ಬಂದರು, ಪೋಷಕರು ಎಷ್ಟು ಮೆಚ್ಚಿದರು ಎಂಬಲ್ಲಿಗೆ ಶಿಬಿರದ ಮೌಲ್ಯಮಾಪನ ಮುಗಿಯಿತು. ಆ ಕೊನೆಯ ಸಂಜೆಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮೊದಲಿನ ದಿನಗಳಲ್ಲಿ ಅಂಗಳದಲ್ಲಿ ನಡೆಯುವ ಕಲಿಕೆಯನ್ನೂ ಅದನ್ನು ಕಟ್ಟುವ ಮೇಷ್ಟರ ಕಸುಬನ್ನೂ ವಿಮರ್ಶೆ ಕಣ್ಣೆತ್ತಿ ನೋಡಿಲ್ಲ. ಆ ಕಸುಬನ್ನು ತೂಗಿ ನೋಡಲು ನಾನು ಒಂದೇ ಒಂದು ಪರಿಕರವನ್ನು ಎತ್ತಿಕೊಳ್ಳುತ್ತೇನೆ. ಅದು ಕೀಲುಕುದುರೆ.

ಚಿತ್ರದುರ್ಗ ಜಿಲ್ಲೆಯ ರಂಗಭೂಮಿಯ ಹಿನ್ನೆಲೆಯನ್ನು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು ತಾವೇ ‘ಮರಣವೇ ಮಹಾನವಮಿ’ ಬರೆದು ಮಠದೊಳಕ್ಕೆ ನಾಟಕವನ್ನು ಕರೆತಂದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯರು 1997ರಲ್ಲಿ ಶಿವಸಂಚಾರ ರಂಗತಂಡವನ್ನು ಆರಂಭಿಸಿ, ನಾಟಕಗಳನ್ನು ನಾಡಿನ ಊರೂರಿಗೆ ಕಳಿಸಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ರೆಂದು ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿ ಯೋಗ, ವ್ಯಾಯಾಮಗಳ ಮೂಲಕ ಮೈಯನ್ನು ಪಳಗಿಸುವ ವಿದ್ಯೆಗೆ ನೆಲೆ ಕೊಟ್ಟರು. ಒಂದು ಕಡೆ ರಂಗದ ಶಿಸ್ತು, ಇನ್ನೊಂದು ಕಡೆ ಮೈಯ ಶಿಸ್ತು; ಎರಡೂ ಒಂದೇ ಜಿಲ್ಲೆಯಲ್ಲಿ ಇವೆ. ಮಕ್ಕಳ ಶಿಬಿರ ಇವೆರಡೂ ಕೂಡಬೇಕಾದ ಜಾಗ. ಅದಕ್ಕೇ ನನ್ನ ನಿರೀಕ್ಷೆ ದೊಡ್ಡದು, ನಿರಾಸೆಯೂ ದೊಡ್ಡದು.

ದುರ್ಗದ ಕಡೆ ಸಮಾರೋಪದ ದಿನ ತಪ್ಪದೆ ಎದುರಾಗುವ ದೃಶ್ಯ ಓಬವ್ವನದು. ಹೈದರಾಲಿಯ ಸೈನ್ಯ ಬರುತ್ತದೆ. ಥರ್ಮೋಕೋಲಿನಲ್ಲಿ ಕತ್ತರಿಸಿದ ಕುದುರೆಮುಖಗಳನ್ನು ಹಿಡಿದ ಮಕ್ಕಳು ವೇದಿಕೆಯನ್ನು ಸುತ್ತುತ್ತಾರೆ. ಧ್ವನಿವರ್ಧಕದಲ್ಲಿ ಖುರಪುಟದ ಸದ್ದು. ಓಬವ್ವ ಒನಕೆ ಎತ್ತಿದ ಕೂಡಲೇ ಚಪ್ಪಾಳೆ. ಆ ಹುಡುಗಿಯ ಕಣ್ಣು, ಕತ್ತು, ಒನಕೆ ಹಿಡಿಯುವ ರೀತಿ ಎಲ್ಲವೂ ‘ನಾಗರಹಾವು’ ಚಿತ್ರದ ಜಯಂತಿಯವರದು. 1972ರ ಆ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಕಟ್ಟಿದ ಬಿಂಬ ನಮ್ಮೆಲ್ಲರ ಮನಸ್ಸಿನಲ್ಲಿ ಕೂತಿರುವುದು ನಿಜ. ಆದರೆ ಮಗುವಿಗೆ ಅದನ್ನು ನಕಲು ಮಾಡಿಸುವುದು ಅಭಿನಯ ಕಲಿಸಿದಂತಾಗುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ದೃಶ್ಯದ ಕಟ್ಟಡದಲ್ಲೇ ಇದೆ. ಓಬವ್ವನ ಕಥೆಯ ಬಲವೆಲ್ಲ ಕಿಂಡಿಯ ಕಿರಿದುತನದಲ್ಲಿದೆ. ಕೋಟೆಯ ಹೊರಗೆ ಎಷ್ಟು ಸಾವಿರ ಕುದುರೆಗಳಿದ್ದರೂ ಆ ಕಲ್ಲಿನ ಸಂದಿಯಲ್ಲಿ ತೂರಬಲ್ಲವನು ಒಬ್ಬ ಮನುಷ್ಯ, ಅದೂ ತಲೆ ತಗ್ಗಿಸಿ. ಸವಾರ ಅಲ್ಲಿ ಕುದುರೆಯಿಂದ ಇಳಿಯಲೇಬೇಕು. ಸೈನ್ಯ ಒಬ್ಬೊಬ್ಬನಾಗಿ ಒಡೆಯುತ್ತದೆ, ಹೊಡೆತ ಸದ್ದಿಲ್ಲದೆ ಬೀಳುತ್ತದೆ. ಮುಂದೆ ಹೋದವನಿಗೆ ಏನಾಯಿತೆಂದು ಹಿಂದಿನವನಿಗೆ ತಿಳಿಯದಿರುವುದರಿಂದಲೇ ಓಬವ್ವ ಗೆಲ್ಲುತ್ತಾಳೆ. ಈ ದೃಶ್ಯಕ್ಕೆ ಬೇಕಾದದ್ದು ಕುದುರೆಯಿಂದ ಇಳಿಯುವ ಒಂದು ಗಳಿಗೆ, ನೆಲಕ್ಕೆ ಕಾಲೂರಿದ ಸವಾರ ಇದ್ದಕ್ಕಿದ್ದಂತೆ ಕುಗ್ಗಿದಂತೆ ಕಾಣುವ ಒಂದು ಗಳಿಗೆ. ಎಲ್ಲ ಮಕ್ಕಳೂ ಪೋಷಕರ ಕಣ್ಣಿಗೆ ಬೀಳಬೇಕೆಂಬ ಒತ್ತಡದಲ್ಲಿ ಶಿಬಿರದ ನಾಟಕ ಅದನ್ನೇ ಕೈಬಿಡುತ್ತದೆ. ವೇದಿಕೆಯ ತುಂಬ ಜನ ನಿಂತಾಗ ಕಿಂಡಿ ಎಲ್ಲಿ ಉಳಿಯಿತು?

ಥರ್ಮೋಕೋಲಿನ ಮುಖವನ್ನು ಬದಿಗಿಟ್ಟು, ಅದೇ ಮಗುವಿನ ಸೊಂಟಕ್ಕೆ ಕೀಲುಕುದುರೆ ಕಟ್ಟಿ ನೋಡಬೇಕು. ಬಿದಿರಿನ ಚೌಕಟ್ಟು, ಕಾಗದ ಮೆತ್ತಿ ಬಣ್ಣ ಬಳಿದ ತಲೆ, ಕೆಳಗೆ ಇಳಿಬಿದ್ದ ಬಟ್ಟೆಯ ಝಾಲರು. ನಡುವಿನ ತೂತಿನೊಳಗೆ ಇಳಿದು, ಪಟ್ಟಿಗಳನ್ನು ಹೆಗಲಿಗೆ ಏರಿಸಿಕೊಂಡರೆ ಕುದುರೆ ಮೈಗೆ ಬಂತು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಂಥ ಜಾತ್ರೆಗಳನ್ನು ನೋಡಿ ಬೆಳೆದ ಮಗುವಿಗೆ ಮೆರವಣಿಗೆಯ ಇಂಥ ವೇಷಗಳು ಹೊಸವಲ್ಲ. ಒಳಗೆ ನಿಂತಾಗ ಮಾತ್ರ ಅದರ ಕಷ್ಟ ತಿಳಿಯುತ್ತದೆ. ಸೊಂಟದಿಂದ ಕೆಳಗೆ ಮಗು ಕುದುರೆ, ಮೇಲೆ ಸವಾರ. ಕಾಲು ಬೆಚ್ಚಿ ಹಿಂದಕ್ಕೆ ಸರಿಯಬೇಕು. ಅದೇ ಹೊತ್ತಿಗೆ ಎದೆ ಬೆಚ್ಚದೆ ನಿಂತು, ಕೈ ಲಗಾಮನ್ನು ಮೆಲ್ಲಗೆ ಬಿಗಿಹಿಡಿಯಬೇಕು. ಕುದುರೆಗೆ ಭಯ, ಸವಾರನಿಗೆ ಧೈರ್ಯ. ಎರಡೂ ಒಂದೇ ಮೈಯಲ್ಲಿ, ಒಂದೇ ಉಸಿರಿನಲ್ಲಿ.

ಮೊದಲ ದಿನ ಮಕ್ಕಳಿಗೆ ಇದು ಬರುವುದಿಲ್ಲ. ಕಾಲು ಕುಣಿದರೆ ಹೆಗಲೂ ಕುಣಿಯುತ್ತದೆ, ಲಗಾಮು ಎಳೆದರೆ ಕಾಲೂ ನಿಂತುಬಿಡುತ್ತದೆ. ಕಸುಬು ಬಲ್ಲ ಮೇಷ್ಟರು ಆಗ ಕುದುರೆಯನ್ನು ಬಿಚ್ಚಿಸಿ ಹಳ್ಳಿಮಕ್ಕಳ ಹಳೆಯ ಆಟಕ್ಕೆ ಮರಳುತ್ತಾರೆ. ಮುಂದೊಬ್ಬ ಕಣ್ಣು ಮುಚ್ಚಿ ನಿಂತಿರುತ್ತಾನೆ, ಅವನ ಸೊಂಟ ಬಳಸಿದ ಟವಲಿನ ಎರಡೂ ತುದಿ ಹಿಂದಿನವನ ಕೈಯಲ್ಲಿ. ಮಾತಾಡುವ ಹಾಗಿಲ್ಲ. ಟವಲು ಸಡಿಲಾದರೆ ಮುಂದಿನವನಿಗೆ ದಾರಿ ತಪ್ಪುತ್ತದೆ, ಜಗ್ಗಿದರೆ ಮುಗ್ಗರಿಸುತ್ತಾನೆ. ಎಳೆಯದೆ, ಬಿಡದೆ ಹಿಡಿದಿರುವುದು ಹೇಗೆಂದು ಹಿಂದಿನವನ ಬೆರಳು ಕಲಿಯುತ್ತದೆ; ಆ ಬೆರಳಿನ ಸೂಚನೆಯನ್ನು ಬೆನ್ನಿನಲ್ಲಿ ಕೇಳುವುದನ್ನು ಮುಂದಿನವನು ಕಲಿಯುತ್ತಾನೆ. ಎದುರು ಪಾತ್ರದ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವ ಗುಣ ನಟನಲ್ಲಿ ಬೇರೂರುವುದು ಇಲ್ಲಿಯೇ.

ಕುದುರೆ ಸವಾರಿ ಕಲಿಸುವವರ ಪಾಠವೂ ಇದೇ. ಒಳ್ಳೆಯ ಶಿಕ್ಷಕರು ಮಗುವಿನ ಕೈಗೆ ಮೊದಲ ದಿನವೇ ಲಗಾಮು ಕೊಡುವುದಿಲ್ಲ. ಕುದುರೆಯನ್ನು ಉದ್ದನೆಯ ಹಗ್ಗದಲ್ಲಿ ಸುತ್ತು ತಿರುಗಿಸುತ್ತ, ಮೇಲೆ ಕೂತ ಮಗುವಿಗೆ ಎರಡೂ ಕೈ ಚಾಚಿ ಕೂರಲು ಹೇಳುತ್ತಾರೆ. ಸಮತೋಲ ಕೈಯಲ್ಲಿಲ್ಲ, ಸೊಂಟದಲ್ಲಿದೆ ಎಂದು ಮೈಗೆ ಮನದಟ್ಟಾದ ಮೇಲೆಯೇ ಲಗಾಮು. ಆಮೇಲೆ ಲಯ. ಕುದುರೆಯ ನಡಿಗೆಗೆ ನಾಲ್ಕು ಪೆಟ್ಟು. ಕುಕ್ಕುಲೋಟಕ್ಕೆ ಎರಡು, ಓರೆಯಾಗಿ ಎದುರುಬದುರಾದ ಕಾಲುಗಳು ಜೋಡಿಯಾಗಿ ಬೀಳುವುದರಿಂದ. ಅದಕ್ಕೂ ವೇಗದ ಹದವಾದ ಓಟಕ್ಕೆ ಮೂರು ಪೆಟ್ಟು, ನಂತರ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಕ್ಷಣದ ಮೌನ. ನಾಗಾಲೋಟದಲ್ಲಿ ಮತ್ತೆ ನಾಲ್ಕು. ಹೊಸದುರ್ಗದ ತೆಂಗಿನ ಸೀಮೆಯಲ್ಲಿ ಎರಡು ಚಿಪ್ಪುಗಳಿಗೆ ಬರವಿಲ್ಲ. ಅವನ್ನು ಕುಟ್ಟಿ ಈ ನಾಲ್ಕು ಗತಿಗಳನ್ನು ಮಕ್ಕಳ ಕಾಲಿಗೆ ಇಳಿಸಬಹುದು. ಹಾಗೆ ಕಲಿತ ಮಗು ಧ್ವನಿವರ್ಧಕದ ಸದ್ದಿಗೆ ಕಾಯುವುದಿಲ್ಲ. ಆ ಮೂರನೆಯ ಪೆಟ್ಟಿನ ನಂತರದ ಮೌನದಲ್ಲಿ ಪ್ರೇಕ್ಷಕನ ಉಸಿರನ್ನೂ ಹಿಡಿದು ನಿಲ್ಲಿಸುತ್ತದೆ.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ನನ್ನ ಜಗಳವಿದೆ. ಮೊದಲನೆಯವರು, ಮಕ್ಕಳಿಗೆ ತರಬೇತಿಯೇ ಬೇಡ, ಅವರನ್ನು ಅವರ ಪಾಡಿಗೆ ಬಿಟ್ಟರೆ ಪ್ರತಿಭೆ ತಾನಾಗಿ ಅರಳುತ್ತದೆ ಎನ್ನುವವರು. ಬಾಯಿಪಾಠದ ಹಿಂಸೆಯ ವಿರುದ್ಧ ಹುಟ್ಟಿದ ವಾದ ಇದು. ಅದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ಆದರೆ 1979ರಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರವನ್ನು ಕಟ್ಟಿದ ಪ್ರೇಮಾ ಕಾರಂತರಾಗಲಿ, ಮಕ್ಕಳ ನಾಟಕಕ್ಕೆ ಸಂಗೀತದ ಜೀವ ತುಂಬಿದ ಬಿ.ವಿ. ಕಾರಂತರಾಗಲಿ ಮಕ್ಕಳನ್ನು ಸುಮ್ಮನೆ ಬಿಟ್ಟವರಲ್ಲ. ಶ್ರುತಿ, ಲಯ, ಚಲನೆಗಳಲ್ಲಿ ಅವರನ್ನು ಪಳಗಿಸಿದವರು. ಶಿಸ್ತು ಮಗುವಿನ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎನ್ನುವವರು, ಲಗಾಮು ಹಿಡಿಯಲು ಬಾರದವನನ್ನು ಕುದುರೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಯೋಚಿಸಬೇಕು.

ಎರಡನೆಯವರು ಕೀಲುಕುದುರೆಯನ್ನು ಮೆರವಣಿಗೆಗೆ ಸೀಮಿತಗೊಳಿಸಿದವರು. ಅವರ ಲೆಕ್ಕದಲ್ಲಿ ಅದು ಜಾನಪದ ಅಲಂಕಾರ, ಆಧುನಿಕ ರಂಗಭೂಮಿಗೆ ಅದರಿಂದ ಪಡೆಯುವಂಥದ್ದೇನೂ ಇಲ್ಲ. ಅದೇ ಜನ ಲಂಡನ್ನಿನ ನ್ಯಾಷನಲ್ ಥಿಯೇಟರ್ 2007ರಲ್ಲಿ ರಂಗಕ್ಕೆ ತಂದ ‘ವಾರ್ ಹಾರ್ಸ್’ನ ಕುದುರೆಯನ್ನು ಕೊಂಡಾಡುತ್ತಾರೆ. ದಕ್ಷಿಣ ಆಫ್ರಿಕದ ಹ್ಯಾಂಡ್‌ಸ್ಪ್ರಿಂಗ್ ತಂಡದ ಆ ಕುದುರೆ ಅದ್ಭುತವೇ, ಅನುಮಾನವಿಲ್ಲ. ಮೂವರು ಆಡಿಸುವವರು ಪ್ರೇಕ್ಷಕರ ಕಣ್ಣೆದುರೇ ನಿಂತು ಅದಕ್ಕೆ ಉಸಿರು ಕೊಡುತ್ತಾರೆ. ನಮ್ಮ ಕೀಲುಕುದುರೆಯಲ್ಲಿ ಒಬ್ಬನೇ ಆಡಿಸುವವನು, ಅವನೇ ಸವಾರ, ಅವನೇ ನಟ. ತಾಂತ್ರಿಕವಾಗಿ ಇದು ಆ ಸಾಹಸಕ್ಕೆ ಕಡಿಮೆಯದಲ್ಲ. ಕಾರ್ನಾಡರ ‘ಹಯವದನ’ವನ್ನು ಅರ್ಧಶತಮಾನ ಚರ್ಚಿಸಿದ ನಮ್ಮ ವಿಮರ್ಶೆ ತಲೆ–ದೇಹಗಳ ತತ್ತ್ವವನ್ನು ಬೇಕಾದಷ್ಟು ಬೆಳೆಸಿತು. ಆ ನಾಟಕದ ಕೊನೆಯಲ್ಲಿ ನಗುವನ್ನೇ ಅರಿಯದಿದ್ದ ಮಗು ನಕ್ಕು, ಕುದುರೆಯ ಬೆನ್ನೇರುವುದನ್ನು ನಟನ ಮೈ ಹೇಗೆ ನಿಭಾಯಿಸಬೇಕು ಎಂದು ಕೇಳಿದವರು ವಿರಳ. ಮಗುವೂ ಕುದುರೆಯೂ ಕೂಡುವ ಆ ಗಳಿಗೆಯೇ ನಾಟಕದ ಬಿಡುಗಡೆ. ಅಲ್ಲಿ ಮೈಯ ವಿದ್ಯೆ ಕೈಕೊಟ್ಟರೆ ತತ್ತ್ವವೂ ಕುಸಿಯುತ್ತದೆ.

ಸಮಾರೋಪದ ನಾಟಕದಿಂದ ಮಕ್ಕಳ ಸಭಾಕಂಪ ಕಳೆಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ, ಮುಂದಿನ ವರ್ಷ ಶಿಬಿರ ನಡೆಯಲು ಅದು ನೆರವಾಗುತ್ತದೆ. ಇದನ್ನು ಒಪ್ಪುತ್ತೇನೆ, ಆದರೆ ಅಷ್ಟೇ ಕಲಿಕೆಯಾಗುವುದಿಲ್ಲ. ಬೆಂಗಳೂರಿನ ಸುತ್ತಲ ಶಿಬಿರಗಳು ಆಕರ್ಷಣೆಗೆಂದು ಸೇರಿಸುವ ಕುದುರೆ ಸವಾರಿಗೂ ಇದೇ ಮಾತು ಅನ್ವಯಿಸುತ್ತದೆ. ಯಾರೋ ಹಿಡಿದು ನಡೆಸುವ ಕುದುರೆಯ ಮೇಲೆ ಎರಡು ಸುತ್ತು ಬಂದು ಫೋಟೊ ತೆಗೆಸಿಕೊಂಡ ಮಗುವಿಗೆ ಖುಷಿಯಾಗುತ್ತದೆ, ಸವಾರಿ ಬರುವುದಿಲ್ಲ. ಸವಾರಿಯನ್ನೂ ನಾಟಕವನ್ನೂ ಒಬ್ಬರೇ ಕಲಿಸಬೇಕಾಗಿ ಬಂದ ಶಿಕ್ಷಕರಿಗೆ ಇವು ಎರಡು ಬೇರೆ ವಿಷಯಗಳಲ್ಲ ಎಂಬುದು ಬೇಗ ತಿಳಿಯುತ್ತದೆ. ಕುದುರೆ ಸಾಕಲಾಗದ ಶಿಬಿರವೂ ಬಿದಿರು, ಕಾಗದ, ಬಟ್ಟೆಗಳಿಂದ ಆ ಎರಡು ವಿದ್ಯೆಗಳ ತಿರುಳನ್ನು ಮಗುವಿಗೆ ಕೊಡಬಲ್ಲದು.

ಹಾಗಾಗಿ ನನ್ನ ತೀರ್ಪು ಸ್ಪಷ್ಟ. ಕೀಲುಕುದುರೆ ಮಕ್ಕಳ ರಂಗಶಿಕ್ಷಣದ ಅತ್ಯುತ್ತಮ ಪಠ್ಯಗಳಲ್ಲಿ ಒಂದು. ನಮ್ಮ ಜಿಲ್ಲೆಯ ಶಿಬಿರಗಳು ಅದನ್ನು ಮೆರವಣಿಗೆಯಿಂದ ಬಿಡಿಸಿ ತಾಲೀಮಿನ ಅಂಗಳಕ್ಕೆ ತರಬೇಕು. ಓಬವ್ವನ ನಾಟಕ ಆಡಲಿ, ಆದರೆ ಕಿಂಡಿಯ ಮುಂದೆ ಸವಾರ ಇಳಿಯಲಿ, ಒಬ್ಬೊಬ್ಬನಾಗಿ ಬರಲಿ. ವಿಮರ್ಶಕರು ಸಮಾರೋಪದ ಸಂಜೆ ಬಂದು ಮೆಚ್ಚುಗೆಯ ಮಾತು ಬರೆಯುವುದನ್ನು ನಿಲ್ಲಿಸಿ, ಶಿಬಿರದ ನಡುದಿನಗಳಲ್ಲಿ ಬಂದು ತಾಲೀಮು ನೋಡಲಿ. ಮಕ್ಕಳು ಮುದ್ದಾಗಿ ಅಭಿನಯಿಸಿದರು ಎಂಬ ಒಂದು ಸಾಲು ಮಕ್ಕಳಿಗೂ ಗೌರವವಲ್ಲ, ಅವರ ಮೇಷ್ಟರಿಗೂ ಅಲ್ಲ. ದೊಡ್ಡವರ ನಾಟಕಕ್ಕೆ ಹಚ್ಚುವ ಒರೆಗಲ್ಲನ್ನೇ ಇದಕ್ಕೂ ಹಚ್ಚಬೇಕು, ಏಕೆಂದರೆ ಆ ಮಕ್ಕಳು ಪಡುವ ಶ್ರಮ ದೊಡ್ಡವರದಕ್ಕಿಂತ ಕಡಿಮೆಯದಲ್ಲ.