ಹೊಸೂರಿನ ವಿಮಾನನಿಲ್ದಾಣ: ಒಂದು ವಿಮರ್ಶೆ

2024ರ ಜೂನ್ 27ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ತಮ್ಮ ವಿಧಾನಸಭೆಯಲ್ಲಿ, ಹೊಸೂರಿನಲ್ಲಿ 2000 ಎಕರೆ ವಿಸ್ತಾರದ, ವರ್ಷಕ್ಕೆ 3 ಕೋಟಿ ಪ್ರಯಾಣಿಕರನ್ನು ನಿಭಾಯಿಸಬಲ್ಲ ಅಂತಾರಾಷ್ಟ್ರೀಯ ವಿಮಾನನಿಲ್ದಾಣವೊಂದು ನಿರ್ಮಾಣವಾಗುವುದೆಂದು ಸಾರಿದರಷ್ಟೆ. ಆ ಬಳಿಕ ಕರ್ನಾಟಕ-ತಮಿಳುನಾಡು ಗಡಿಯ ಎರಡು ಕಡೆಗಳಲ್ಲಿಯೂ ನಡೆದ ವಾದವಿವಾದಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದು ಕಾಣದಿರದು: ಬೆಂಗಳೂರಿನ ಎರಡನೆಯ ನಿಲ್ದಾಣ ಕನಕಪುರ ರಸ್ತೆಯಲ್ಲಾಗಬೇಕೋ, ಕುಣಿಗಲ್ ರಸ್ತೆಯಲ್ಲಾಗಬೇಕೋ, ಅಷ್ಟರೊಳಗೆ ಹೊಸೂರು ಮುಂದಾಗಿ ಆ ಭಾಗ್ಯವನ್ನು ಸೆಳೆದುಕೊಳ್ಳುವುದೋ ಎಂಬುದೇ ಚರ್ಚೆಯ ತಿರುಳಾಯಿತೇ ಹೊರತು, ಹೊಸೂರು ಸೀಮೆಯ ಮೂಕಂಡಪಲ್ಲಿಯ ಸಿಪ್ಕಾಟ್ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಲ್ಲಿ ದುಡಿಯುವ, ಬಾಗಲೂರಿನ ಹೊಲಗಳಲ್ಲಿ ಬೆಳೆ ತೆಗೆಯುವ, ಡೆಂಕಣಿಕೋಟೆ, ತಳಿ ಎಂಬ ಊರುಗಳ ಕಡೆ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ ಕಚೇರಿಯಲ್ಲಿ ತಮಿಳಿನಲ್ಲಿ ಅರ್ಜಿ ಬರೆಯುವ ಜನಕ್ಕೆ ಎಂತಹ ವಿಮಾನಸೌಕರ್ಯ ಬೇಕೆಂಬ ಪ್ರಶ್ನೆಯನ್ನು ಯಾರೂ ಮೊದಲು ಕೇಳಲಿಲ್ಲ. ಪ್ರಾದೇಶಿಕ ನಿಲ್ದಾಣವೊಂದರ ಗುಣದೋಷಗಳನ್ನು ತೂಗುವುದಕ್ಕೆ ಆ ಪ್ರಶ್ನೆಗಿಂತ ಮಿಗಿಲಾದ ತಕ್ಕಡಿಯಿಲ್ಲವೆಂದು ನನ್ನ ದೃಢವಾದ ನಂಬಿಕೆ.

ಹೊಸೂರಿಗೆ ವಿಮಾನ ಹೊಸದಲ್ಲ. ಊರಿಗೆ ಸಮೀಪದ ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಯ ಖಾಸಗಿ ನಿಲ್ದಾಣವಿದೆ. ಅಲ್ಲಿ ಸುಮಾರು 7000 ಅಡಿಯ ರನ್‌ವೇ ಇದೆ. 1990ರ ದಶಕದಲ್ಲಿ ಇಟಲಿಯ ವಿನ್ಯಾಸದ ಪಿ-68 ಎಂಬ ಲಘುವಿಮಾನಗಳನ್ನು ಜೋಡಿಸಿ ಹಾರಿಸಿದ, ಮುಂದೆ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ‘ಹಂಸ’ ತರಬೇತಿ ವಿಮಾನಗಳನ್ನು ನಿರ್ಮಿಸಿಕೊಟ್ಟ ಕೀರ್ತಿಯೂ ಆ ನೆಲಕ್ಕಿದೆ. ಎಪ್ಪತ್ತು ಆಸನಗಳ ಏಟಿಆರ್ ವಿಮಾನಕ್ಕೆ ಈ ರನ್‌ವೇಯ ಮುಕ್ಕಾಲು ಪಾಲೂ ಬೇಕಾಗದು. ಹೀಗಿದ್ದರೂ ಸಣ್ಣ ಊರುಗಳಿಗೆ ಸಹಾಯಧನದಿಂದ ವಿಮಾನ ಒದಗಿಸಲೆಂದು 2016ರಲ್ಲಿ ಆರಂಭವಾದ ಕೇಂದ್ರದ ‘ಉಡಾನ್’ ಯೋಜನೆಯ ಪ್ರಯೋಜನ ಹೊಸೂರಿಗೆ ದೊರೆಯಲಿಲ್ಲ. ಅಡ್ಡ ಬಂದದ್ದು ನೆಲವೂ ಅಲ್ಲ, ಧನವೂ ಅಲ್ಲ; 2004ರಲ್ಲಿ ಕೇಂದ್ರ ಸರ್ಕಾರವೂ ಬೆಂಗಳೂರು ಅಂತಾರಾಷ್ಟ್ರೀಯ ವಿಮಾನನಿಲ್ದಾಣ ಸಂಸ್ಥೆಯೂ ಮಾಡಿಕೊಂಡ ಒಡಂಬಡಿಕೆಯ ಒಂದು ಷರತ್ತು. ಆ ಸಂಸ್ಥೆಯ ದೇವನಹಳ್ಳಿಯ ನಿಲ್ದಾಣ ತೆರೆದಂದಿನಿಂದ ಇಪ್ಪತ್ತೈದು ವರ್ಷ ತುಂಬುವವರೆಗೆ, 150 ಕಿಲೋಮೀಟರ್ ವಾಯುದೂರದೊಳಗೆ, ಮೈಸೂರು ಹಾಸನಗಳನ್ನುಳಿದು ಬೇರಾವ ನಿಲ್ದಾಣವೂ ಅಂತಾರಾಷ್ಟ್ರೀಯ ಪದವಿಗೆ ಏರಕೂಡದೆಂಬುದು ಆ ಷರತ್ತು. ದೇವನಹಳ್ಳಿ ತೆರೆದದ್ದು 2008ರ ಮೇ 24ರಂದು. ಆದಕಾರಣ ಗಡುವು 2033ರವರೆಗೆ. ಹೊಸೂರಿನ ಪ್ರಶ್ನೆ ಸಂಸತ್ತಿಗೆ ಬಂದಾಗ ಕೇಂದ್ರ ಮುಂದಿಟ್ಟದ್ದೂ ಈ ಒಡಂಬಡಿಕೆಯನ್ನೇ. ಮಹಾನಗರದ ನಿಲ್ದಾಣಕ್ಕೆ ಬಂಡವಾಳ ಹೂಡಿದವರಿಗೆ ಒಂದಷ್ಟು ಕಾಲ ರಕ್ಷಣೆ ನೀಡುವುದು ನ್ಯಾಯವೇ ಆಗಿರಬಹುದು. ಆದರೆ ಅಂತಾರಾಷ್ಟ್ರೀಯ ಪೈಪೋಟಿಯನ್ನು ತಡೆಯಲೆಂದು ಎತ್ತಿದ ಗೋಡೆ, ದಿನಕ್ಕೊಂದೆರಡು ಸಲ ಚೆನ್ನೈಗೆ ಹೋಗಿಬರಬಹುದಾಗಿದ್ದ ಸಣ್ಣ ವಿಮಾನವನ್ನೂ ಹೊರಗೇ ನಿಲ್ಲಿಸಿದ್ದು ಯಾವ ನ್ಯಾಯ?

ಈ ತಡೆಯ ಭಾರ ಎಷ್ಟೆಂಬುದನ್ನು ಭೂಪಟವೇ ತೋರಿಸುತ್ತದೆ. ದೇವನಹಳ್ಳಿ ತೆರೆಯುವವರೆಗೆ ಹೊಸೂರಿನವರು ವಿಮಾನ ಹತ್ತುತ್ತಿದ್ದದ್ದು ಬೆಂಗಳೂರಿನ ಪೂರ್ವ ಪಾರ್ಶ್ವದ ಎಚ್.ಎ.ಎಲ್. ನಿಲ್ದಾಣದಲ್ಲಿ. ಅದು ಸಾರ್ವಜನಿಕ ಸಂಚಾರಕ್ಕೆ ಮುಚ್ಚಿದ ಮೇಲೆ ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿಗಳ ಮಾರ್ಗವಾಗಿ ಇಡೀ ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಹೋಗುವುದು ಅನಿವಾರ್ಯವಾಯಿತು. ಮನುಷ್ಯನಾದರೆ ಆ ದಾರಿಯ ಬೇಸರವನ್ನು ಸಹಿಸಿಯಾನು, ಗುಲಾಬಿ ಸಹಿಸದು. ಹೊಸೂರಿನ ಪಾಲಿಹೌಸುಗಳಲ್ಲಿ ಬೆಳೆಯುವ ‘ತಾಜ್ ಮಹಲ್’ ಜಾತಿಯ ಕೆಂಪು ಗುಲಾಬಿಯನ್ನು, ಎಸಳುಗಳು ಇನ್ನೂ ಬಿಗಿಯಾಗಿ ಮುಚ್ಚಿರುವಾಗಲೇ ಮುಂಜಾವದಲ್ಲಿ ಕತ್ತರಿಸಿ, ಕೂಡಲೇ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ಶೀತಕೋಣೆಗೆ ಒಯ್ದು, ಕಾಂಡದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು ಗ್ರೇಡ್ ಮಾಡಿ, ಇಪ್ಪತ್ತಿಪ್ಪತ್ತು ಹೂವಿನ ಬಂಚುಗಳಾಗಿ ರಟ್ಟಿನ ಹಾಳೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾರೆ. ಕತ್ತರಿಸಿದ ಗಳಿಗೆಯಿಂದ ಹೊರದೇಶದ ಅಂಗಡಿಯವರೆಗೆ ಆ ತಂಪು ಎಲ್ಲಿಯೂ ಕಡಿಯಬಾರದು. ಫೆಬ್ರುವರಿಯ ಪ್ರೇಮಿಗಳ ದಿನದ ಮುನ್ನ, ಬೆಲೆ ಏರಿ ಪ್ರತಿಯೊಂದು ತಾಸಿಗೂ ಹಣದ ಮೌಲ್ಯ ಬಂದಿರುವ ವೇಳೆಯಲ್ಲಿ, ಈ ಪೆಟ್ಟಿಗೆಗಳು ಬೆಂಗಳೂರಿನ ಸಂಚಾರದಟ್ಟಣೆಗೆ ಸಿಕ್ಕಿ ನಿಲ್ಲುವುದನ್ನು ಬಲ್ಲ ಬೆಳೆಗಾರನಿಗೆ ಬೇಕಾದದ್ದು ಗಾಜಿನ ಸೌಧವಲ್ಲ. ಒಂದು ಶೀತಗೃಹ, ಒಂದು ಸುಂಕದ ಕಟ್ಟೆ, ನಿಯತವಾಗಿ ಬರುವ ಒಂದು ಸರಕುವಿಮಾನ.

ಸಣ್ಣ ನಿಲ್ದಾಣದ ಪಕ್ಷ ವಹಿಸುವವರು ಉಡಾನ್ ಯೋಜನೆಯ ಲೆಕ್ಕವನ್ನೂ ಎದುರಿಸಬೇಕು. ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ಮಾರ್ಗಗಳ ಪೈಕಿ ಆರಂಭಗೊಂಡವು 371, ಮೂರು ವರ್ಷದ ಸಹಾಯಧನದ ಅವಧಿಯನ್ನು ಪೂರೈಸಿದವು 112, ಅದರಾಚೆಗೆ 2023ರ ಮಾರ್ಚಿನಲ್ಲಿ ಉಳಿದಿದ್ದವು 54 ಎಂದು ಮಹಾಲೇಖಪಾಲರ ವರದಿ ಹೇಳಿದೆ. ನೆರೆಯ ಸೇಲಂನಲ್ಲಿ 2018ರಲ್ಲಿ ಪುನರಾರಂಭವಾದ ವಿಮಾನ ಕೆಲವೇ ವರ್ಷಗಳಲ್ಲಿ ನಿಂತು, 2023ರಲ್ಲಿ ಮತ್ತೆ ಬಂತು; ನಮ್ಮ ಬೀದರಿನ ಕಥೆಯೂ ಇಂಥದೇ. ಸಹಾಯಧನ ಮುಗಿದೊಡನೆ ವಿಮಾನವೂ ಮಾಯವಾಗುವ ವ್ಯವಸ್ಥೆಯನ್ನು ಯಶಸ್ವಿಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಆದರೆ ಹೊಸೂರು ಬೇಡಿಕೆಯನ್ನು ಸಹಾಯಧನದಿಂದ ಹುಟ್ಟಿಸಬೇಕಾದ ಊರಲ್ಲ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳು ಬೇರೂರಿದ, 2019ರಲ್ಲಿ ಮಹಾನಗರಪಾಲಿಕೆಯಾದ ಈ ಊರಿನವರಿಗೆ ಹೈಕೋರ್ಟೂ ಸಚಿವಾಲಯವೂ ಇರುವುದು ಸುಮಾರು 300 ಕಿಲೋಮೀಟರ್ ದೂರದ ಚೆನ್ನೈಯಲ್ಲಿ. ಯೋಜನೆ ಸೋತ ಊರುಗಳಲ್ಲಿ ವಿಮಾನವಿತ್ತು, ಜನ ಸಾಲದಾದರು. ಇಲ್ಲಿ ಜನರಿದ್ದಾರೆ, ವಿಮಾನಕ್ಕೆ ಅಪ್ಪಣೆಯಿಲ್ಲ.

ಹಾಗೆಂದು 2000 ಎಕರೆಯ ಸಂಕಲ್ಪವನ್ನು ಕಣ್ಣುಮುಚ್ಚಿ ಸ್ವಾಗತಿಸಲಾರೆ. 3 ಕೋಟಿ ಎಂಬ ಸಂಖ್ಯೆ ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯ ಅಗತ್ಯದಿಂದ ಹುಟ್ಟಿದ್ದಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಪ್ರಯಾಣಿಕರನ್ನು ಎಣಿಸಿ ಬರೆದದ್ದೆಂದು ಯಾರಿಗಾದರೂ ತೋರುತ್ತದೆ. ನಗರದ ಸೌಕರ್ಯಕ್ಕೆ ಹಳ್ಳಿಯ ನೆಲವನ್ನು ಕೇಳುವಾಗ ಕೇಳುವ ರೀತಿಯಾದರೂ ಶುದ್ಧವಾಗಿರಬೇಕು. ಸಿಪ್ಕಾಟ್ ವಿಸ್ತರಣೆಗೆ ಭೂಮಿ ಕೊಡಲಾರೆವೆಂದು 2023ರಲ್ಲಿ ಉದ್ದನಪಲ್ಲಿ ಸೀಮೆಯ ರೈತರು ಧರಣಿ ಕೂತದ್ದನ್ನು ಮರೆಯಲಾಗದು. ಚೆನ್ನೈನ ಎರಡನೆಯ ನಿಲ್ದಾಣಕ್ಕೆ ಪರಂದೂರಿನಲ್ಲಿ ನೆಲ ಕೊಳ್ಳಲು ಸರ್ಕಾರ ಆಶ್ರಯಿಸಿದ್ದು ಕೈಗಾರಿಕೆಗಳಿಗಾಗಿ ಮಾಡಿದ ರಾಜ್ಯದ 1997ರ ಕಾಯಿದೆಯನ್ನು; ಕೇಂದ್ರದ 2013ರ ಕಾಯಿದೆ ವಿಧಿಸುವ ಸಾಮಾಜಿಕ ಪರಿಣಾಮದ ಅಧ್ಯಯನ ಅದರಲ್ಲಿ ಇಲ್ಲ. ಹೊಸೂರಿನಲ್ಲಿಯೂ ಅದೇ ಮಾರ್ಗ ಹಿಡಿದರೆ, ಟೊಮೆಟೊ, ಎಲೆಕೋಸು, ರಾಗಿಗಳನ್ನು ಬೆಳೆಯುವ ಕುಟುಂಬಗಳು ತಮ್ಮ ಬದುಕಿನ ಲೆಕ್ಕವನ್ನು ಯಾವ ಅಧಿಕಾರಿಯ ಮುಂದೆ ಒಪ್ಪಿಸಬೇಕು?

ಬೆಳಗೊಂಡಪಲ್ಲಿಯ ರನ್‌ವೇಯಲ್ಲಿ ಚೆನ್ನೈಗೂ ಕೊಯಮತ್ತೂರಿಗೂ ಸಣ್ಣ ವಿಮಾನಗಳನ್ನು ನಡೆಸಲು ಬೆಂಗಳೂರಿನ ನಿಲ್ದಾಣಸಂಸ್ಥೆಯ ಒಪ್ಪಿಗೆಯನ್ನು ಕೇಂದ್ರ ಸರ್ಕಾರವೇ ಮುಂದೆ ನಿಂತು ಪಡೆಯಬೇಕು. 2033ರ ಗಡುವಿಗೆ ಮುನ್ನ ಉಳಿದಿರುವ ಈ ವರ್ಷಗಳಲ್ಲಿ ಎಷ್ಟು ಜನ, ಎಷ್ಟು ಹೂವು, ಎಷ್ಟು ಯಂತ್ರಭಾಗಗಳು ನಿಜಕ್ಕೂ ಆ ಮಾರ್ಗವಾಗಿ ಹೋಗುತ್ತವೆಂಬುದು ಅನುಭವದಿಂದ ತಿಳಿಯಲಿ, ದೊಡ್ಡ ನಿಲ್ದಾಣದ ವಿಸ್ತಾರ ಆ ತಿಳಿವಿನಿಂದ ನಿರ್ಣಯವಾಗಲಿ. ಕಡೆಗೆ ನೆಲವನ್ನು ಕೇಳಲೇಬೇಕಾಗಿ ಬಂದರೆ, ಗಡಿಹಳ್ಳಿಗಳಿಗೆ ಹೋಗುವ ನೋಟೀಸುಗಳು ತಮಿಳಿನೊಡನೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇರಬೇಕು, ಅಹವಾಲಿನ ಸಭೆ ಜಿಲ್ಲಾ ಕೇಂದ್ರದಲ್ಲಲ್ಲದೆ ಆಯಾ ಊರಿನಲ್ಲಿಯೇ ಕೂಡಬೇಕು, ಮತ್ತು ರೈತ ತನ್ನ ಮಾತಿನಲ್ಲಿ ಹೇಳಿದ್ದು ಕಡತದಲ್ಲಿ ಅದೇ ಮಾತಿನಲ್ಲಿ ದಾಖಲಾಗಬೇಕು.