ಶ್ರಮಬಿಂದು ಸಾಗರವೂ ಗ್ರಾಮಸಭೆಯೂ

ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವ ಮಾರ್ಗವು ಕೃಷ್ಣೆಯನ್ನು ದಾಟುವ ಚಿಕ್ಕಪಡಸಲಗಿಯ ಬಳಿ, 1989ರಲ್ಲಿ, ಸರಕಾರದ ಬೊಕ್ಕಸಕ್ಕೆ ಕೈಯೊಡ್ಡದೆ, ರೈತರು ತಮ್ಮೊಳಗೇ ಪಟ್ಟಿ ಎತ್ತಿ, ತಮ್ಮ ಮೈಬೆವರನ್ನೇ ಸುರಿಸಿ ಹೊಳೆಗೆ ಅಡ್ಡಲಾಗಿ ಕಟ್ಟಿಕೊಂಡ ಬ್ಯಾರೇಜಿಗೆ 'ಶ್ರಮಬಿಂದು ಸಾಗರ'ವೆಂದು ಹೆಸರು. ಕಳೆದ ಮೂರೂವರೆ ದಶಕಗಳಲ್ಲಿ ಅದರ ಕೀರ್ತಿಯನ್ನು ಹಾಡಿದವರು ಬಹಳ ಮಂದಿ. ಅದು ಕೀರ್ತಿಗೆ ಅರ್ಹವಾದ ಕೃತಿಯೆಂಬುದರಲ್ಲಿ ನನಗೂ ಲೇಶಮಾತ್ರ ಸಂಶಯವಿಲ್ಲ. ಆದರೆ ಪ್ರಜೆಗಳು ಕೂಡಿ ಮಾಡಿದ ಕಾರ್ಯವನ್ನು ಹೊಗಳಿ ಸುಮ್ಮನಾಗುವುದು ಅದಕ್ಕೆ ಸಲ್ಲಿಸುವ ಅರ್ಧ ಗೌರವವಷ್ಟೆ. ರನ್ನನ ತವರಾದ ಮುಧೋಳದ ಈ ಸೀಮೆಯಲ್ಲಿ ಕಾವ್ಯವನ್ನು ಒರೆಗೆ ಹಚ್ಚುವಷ್ಟೇ ನಿಷ್ಠುರವಾಗಿ ಲೋಕೋಪಕಾರದ ಕೃತಿಗಳನ್ನೂ ಒರೆಗೆ ಹಚ್ಚಿ ನೋಡುವುದು ತಕ್ಕುದೆಂದು ಬಗೆದು, ಈ ಅಣೆಯನ್ನೂ, ಅದರ ಸುತ್ತಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಪ್ರಜೆಯು ತನ್ನೂರಿನ ಆಡಳಿತದಲ್ಲಿ ಪಡೆದಿರುವ ಪಾಲನ್ನೂ ಜೊತೆಯಲ್ಲಿಟ್ಟು ತೂಗಬಯಸುತ್ತೇನೆ.

ಕೃಷ್ಣೆಯ ನಡತೆಯನ್ನು ಅರಿಯದವರಿಗೆ ಈ ಅಣೆಯ ಅವಶ್ಯಕತೆ ತಿಳಿಯಲಾರದು. ಸಹ್ಯಾದ್ರಿಯಲ್ಲಿ ಮಳೆ ಹಿಡಿದೊಡನೆ ದಡ ಮೀರಿ ಬಂದು ಹೊಳೆಸಾಲಿನ ಊರುಗಳನ್ನು ನಡುಗಿಸುವ ನದಿ, ಶಿವರಾತ್ರಿ ಕಳೆದು ಬಿಸಿಲೇರುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಮಡುವನ್ನುಳಿಸಿ ಮರಳಾಗಿಬಿಡುತ್ತಿತ್ತು. ಸಾಲ ತೆಗೆದು ದಡದಲ್ಲಿ ಪಂಪಸೆಟ್ಟು ಕೂಡಿಸಿ, ಹೊಲದವರೆಗೂ ಪೈಪು ಹಾಸಿದ ರೈತನಿಗೆ, ಪೈರಿಗೆ ನೀರು ಬೇಕಾದ ತಿಂಗಳುಗಳಲ್ಲಿಯೇ ಹೊಳೆ ಕೈಕೊಡುತ್ತಿತ್ತು. ಮೇಲ್ಗಡೆಯ ಹಿಪ್ಪರಗಿಯಲ್ಲಿ ಸರಕಾರದ ಅಣೆಯೊಂದರ ಮಾತು ಎಪ್ಪತ್ತರ ದಶಕದಿಂದಲೂ ನಡೆದಿತ್ತು. ಅದು ಪೂರ್ಣವಾದುದು ಈ ಶತಮಾನ ಕಾಲಿಟ್ಟ ಮೇಲೆ. ಕಾಯುವುದಕ್ಕೂ ಒಂದು ಮಿತಿಯುಂಟೆಂದು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವು ನಿಶ್ಚಯಿಸಿದಾಗ, ನೆರೆಹೊರೆಯ ವಿವೇಕಿಗಳು ನಗದೆ ಇದ್ದಿರಲಾರರು. ಇಷ್ಟು ದೊಡ್ಡ ಹೊಳೆಗೆ ಅಡ್ಡಕಟ್ಟುವುದು ಜಾತ್ರೆಗೆ ಪಟ್ಟಿ ಎತ್ತಿ ತೇರು ಕಟ್ಟಿದಷ್ಟು ಸುಲಭದ ಮಾತಲ್ಲ. ಅಲ್ಲಿ ಜಲಶಾಸ್ತ್ರ ಬೇಕು, ಅಡಿಪಾಯದ ಪರೀಕ್ಷೆ ಬೇಕು, ಮಹಾಪೂರದ ರಭಸವನ್ನು ತಾಳುವ ಕಂಬಗಳು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತನ್ನ ದುಡ್ಡು ನೀರಿನಲ್ಲಿ ಹೋಮವಾಗದೆಂಬ ಭರವಸೆ ಕೊಡುವವನಿಗೂ ಬೇಕು. ಆ ಭರವಸೆಯನ್ನು ಹುಟ್ಟಿಸಿದುದೇ ನ್ಯಾಮಗೌಡರ ಸಾಧನೆಯ ತಿರುಳೆಂದು ನನ್ನ ಎಣಿಕೆ. ಅಣೆ ನಿಂತಿತು, ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದು ಕರೆದರು, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾರರು ರಾಮಕೃಷ್ಣ ಹೆಗಡೆಯವರಂತಹ ಧೀಮಂತರನ್ನು ಬಿಟ್ಟು ಈ ಅಣೆಯ ಮನುಷ್ಯನನ್ನು ದಿಲ್ಲಿಗೆ ಕಳುಹಿಸಿದರು. ಕಣ್ಣಿಗೆ ಕಾಣುವ ಕೆಲಸಕ್ಕೆ ಮತದ ರೂಪದಲ್ಲಿ ಸಂದ ಇಷ್ಟು ಸ್ಪಷ್ಟವಾದ ಕೃತಜ್ಞತೆ ನಮ್ಮ ರಾಜಕಾರಣದಲ್ಲಿ ವಿರಳ.

ಇನ್ನು ಈ ಕೃತಿಯ ಮಿತಿಗೆ ಬರೋಣ. ಅಣೆಯನ್ನು ಕಟ್ಟಿದ ಕಾಲದಲ್ಲಿ ಕರ್ನಾಟಕದ ಸ್ಥಳೀಯ ಆಡಳಿತವೇನೂ ನಿದ್ರಿಸುತ್ತಿರಲಿಲ್ಲ. ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯಿದೆಯ ಮೇರೆಗೆ 1987ರಲ್ಲಿ ಚುನಾವಣೆ ನಡೆದು, ಮಂಡಲ ಪಂಚಾಯತಿಗಳೂ ಜಿಲ್ಲಾ ಪರಿಷತ್ತುಗಳೂ ಹೊಸ ಹುರುಪಿನಿಂದ ಕೆಲಸಕ್ಕೆ ತೊಡಗಿದ್ದ ಹೊತ್ತು ಅದು. ಅಂತಹ ಹೊತ್ತಿನಲ್ಲಿಯೂ ಹೊಳೆಸಾಲಿನ ರೈತ ತನ್ನ ಜೀವನದ ಅತ್ಯಂತ ದೊಡ್ಡ ಸಾರ್ವಜನಿಕ ಕಾರ್ಯವನ್ನು ನೆರವೇರಿಸಿದುದು ಮಂಡಲದ ಮೂಲಕವಲ್ಲ, ತಾನೇ ಕಟ್ಟಿಕೊಂಡ ಸಂಘದ ಮೂಲಕ. ಇದಕ್ಕೆ ಕಾರಣವುಂಟು. ಮಂಡಲದ ಕೈಯಲ್ಲಿ ಅಷ್ಟು ಹಣವಿರಲಿಲ್ಲ, ಹೊಳೆಯ ಮೇಲೆ ಅಧಿಕಾರವೂ ಇರಲಿಲ್ಲ. ಆದರೆ ಇದರಿಂದ ಒಂದು ಪರಿಣಾಮವೂ ಉಂಟಾಯಿತು. ಸಂಘವೆಂಬುದು ಪ್ರಯೋಜನ ಪಡೆಯುವವರ ಕೂಟ. ಪಂಚಾಯತಿಯೆಂಬುದು ಊರಿನಲ್ಲಿ ವಾಸಿಸುವವರೆಲ್ಲರ ಕೂಟ. ಹೊಲವೂ ಪಂಪೂ ಉಳ್ಳವನ ಮಾತು ಮೊದಲನೆಯದರಲ್ಲಿ ನಡೆದೀತು. ಕಲ್ಲು ಹೊತ್ತ, ಕಬ್ಬು ಕಡಿಯುವ, ಸ್ವಂತ ಹೊಲವಿಲ್ಲದ ಕೂಲಿಕಾರನಿಗೂ, ಮೇಯಿಸಲು ದನಗಳುಳ್ಳ ವಿಧವೆಗೂ ನೀರಿನ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ದೊರೆಯುವುದು ಎರಡನೆಯದರಲ್ಲಿ ಮಾತ್ರ.

ನೀರು ನಿಂತ ಮೇಲೆ ಏನು ಬೆಳೆಯಬೇಕೆಂಬ ಪ್ರಶ್ನೆಯನ್ನು ಯಾವ ಸಭೆಯೂ ಎತ್ತಲಿಲ್ಲ. ಕಬ್ಬು ತಾನಾಗಿ ಬಂದಿತು. ವರ್ಷಕ್ಕೆ 600 ಮಿಲಿಮೀಟರು ಮಳೆಯೂ ಸರಿಯಾಗಿ ಬೀಳದ ಈ ಎರೆಯ ನಾಡಿನಲ್ಲಿ ಹಿರಿಯರು ಬಿಳಿಜೋಳವನ್ನು ನೆಚ್ಚಿದ್ದುದು ಅವಿವೇಕದಿಂದಲ್ಲ: ಜೋಳದ ಬೆಳೆಗೆ 450ರಿಂದ 650 ಮಿಲಿಮೀಟರು ನೀರು ಸಾಕು, ವರ್ಷವಿಡೀ ನಿಲ್ಲುವ ಕಬ್ಬಿಗೆ 1500ರಿಂದ 2500 ಬೇಕು. ಕಬ್ಬು ಬೆಳೆದ ರೈತನನ್ನು ದೂಷಿಸಲು ನಾನು ಸಿದ್ಧನಿಲ್ಲ. ಕಟಾವಾದ ಮಾಲನ್ನು ಒಯ್ಯಲು ಕಾರಖಾನೆಯೊಂದು ಎದುರಿಗೇ ನಿಂತಿರುವಾಗ, ಜೋಳಕ್ಕೆ ಅಂತಹ ಗಿರಾಕಿಯೇ ಇಲ್ಲದಿರುವಾಗ, ಅವನು ಬೇರೆ ಏನು ಮಾಡಿಯಾನು? ಆದರೆ ಒಬ್ಬೊಬ್ಬನ ವಿವೇಕವೂ ಕೂಡಿ ಊರಿನ ಅವಿವೇಕವಾಗುವುದುಂಟು. ಬೇಸಗೆಯಲ್ಲಿ ಬ್ಯಾರೇಜು ಬರಿದಾದಾಗ, ಕೆಳಗಡೆ ಆಲಮಟ್ಟಿಯ ಹಿನ್ನೀರನ್ನು ದೊಡ್ಡ ಮೋಟಾರುಗಳಿಂದ ಎತ್ತಿ ಅಣೆಯ ಮೇಲ್ಗಡೆಗೆ ತುಂಬಿಕೊಳ್ಳುವ ಸಾಹಸವನ್ನೂ ಇದೇ ರೈತರು ಮತ್ತೆ ಮತ್ತೆ ತಮ್ಮ ಹಣದಿಂದ ನಡೆಸಿರುವರು. ಹರಿದುಹೋದ ನದಿಯನ್ನು ಹಿಂದಕ್ಕೆ ಕರೆದು ತರುವ ಈ ಛಲವನ್ನು ಕಂಡಾಗ ಮನಸ್ಸು ತುಂಬಿಬರುತ್ತದೆ. ಆದರೂ ಹೊಳೆ ಬತ್ತಿದಾಗ ಕೂಡುವ ಜನ, ಹೊಳೆ ತುಂಬಿದ್ದಾಗ ಕೂಡಿ, ಈ ವರ್ಷ ಯಾರು ಎಷ್ಟು ಎಕರೆಗೆ ಕಬ್ಬು ಹಚ್ಚಬೇಕು, ಪಾಳಿ ಹೇಗೆ, ಹನಿ ನೀರಾವರಿಗೆ ಯಾರು ಮೊದಲು ಎಂದು ಮಾತಾಡಿದ್ದರೆ, ಅಷ್ಟು ಎತ್ತುವ ಕಷ್ಟವೇ ಬಾರದಿರುತ್ತಿತ್ತಲ್ಲವೆ?

ಆ ಮಾತುಕತೆಗೆ ಕಾನೂನು ಕಟ್ಟಿಕೊಟ್ಟ ತಾಣವೊಂದಿದೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲ ನಿರ್ವಹಣೆ, ಜಲಾನಯನ ಅಭಿವೃದ್ಧಿಗಳೂ ಸೇರಿದವು. ಅದೇ ವರ್ಷದ ಕರ್ನಾಟಕದ ಕಾಯಿದೆ ಇಂದು 'ಗ್ರಾಮ ಸ್ವರಾಜ್' ಎಂಬ ದೊಡ್ಡ ಹೆಸರನ್ನು ಹೊತ್ತು, ಗ್ರಾಮಸಭೆ, ವಾರ್ಡು ಸಭೆಗಳನ್ನು ವಿಧಿಸಿದೆ. ಪಂಚಾಯತಿಯ ಪೀಠಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಇಷ್ಟೆಲ್ಲ ಇದ್ದು ಸಭೆಯೊಳಗೆ ನಡೆಯುವುದೇನು? ಶಾಲೆಯ ಅಂಗಳದಲ್ಲೋ ಗುಡಿಯ ಪೌಳಿಯಲ್ಲೋ ಶಾಮಿಯಾನ ಹಾಕಿರುತ್ತದೆ. ನೋಡಲ್ ಅಧಿಕಾರಿ ತಡವಾಗಿ ಬರುತ್ತಾರೆ. ಪಿಡಿಓ ಹಿಂದಿನ ನಡಾವಳಿಯನ್ನು ಒಂದೇ ಉಸಿರಿಗೆ ಓದುತ್ತಾರೆ. ಕೃಷಿ, ತೋಟಗಾರಿಕೆ, ಆರೋಗ್ಯ ಇಲಾಖೆಗಳವರು ಒಬ್ಬರಾದ ಮೇಲೊಬ್ಬರು ಎದ್ದು ತಮ್ಮ ಯೋಜನೆಗಳ ಹೆಸರು ಹೇಳಿ ಕೂಡುತ್ತಾರೆ. ಅಲ್ಲಿಯವರೆಗೂ ಗುಜುಗುಜು ಮಾತಾಡುತ್ತಿದ್ದ ಜನ ಮನೆಗಳ ಫಲಾನುಭವಿ ಪಟ್ಟಿ ಹೊರಬಿದ್ದೊಡನೆ ಮೇಜಿನತ್ತ ನುಗ್ಗುತ್ತಾರೆ. "ನನ್ನ ಹೆಸರ ಯಾಕ ಬಂದಿಲ್ರೀ ಸಾಹೇಬ್ರ?" ಎಂಬ ಒಂದೇ ಪ್ರಶ್ನೆ ಹತ್ತು ಬಾಯಿಗಳಿಂದ. ಸಹಿಗಾಗಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಕೋರಂ ತುಂಬುತ್ತದೆ, ಠರಾವು ಪಾಸಾಗುತ್ತದೆ. ಮನೆಯಿಲ್ಲದವನು ಮನೆ ಕೇಳುವುದು ತಪ್ಪೆಂದು ಯಾರು ಅಂದಾರು? ಆದರೆ ಕೇಳುವವನೂ ಕೊಡುವವನೂ ಎದುರುಬದುರಾಗಿ ನಿಲ್ಲುವ ಈ ಕೂಟದಲ್ಲಿ, ಊರೇ ತನಗೆ ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಗೆ ಎಡೆಯೇ ಉಳಿದಿಲ್ಲ. ಅದರ ಮೇಲ್ಗಡೆಯ ಮಜಲುಗಳ ಸ್ಥಿತಿಯಂತೂ ಇನ್ನೂ ಶೋಚನೀಯ: 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ವರ್ಷಗಳು ಉರುಳಿದರೂ ಚುನಾವಣೆ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸುವಂತಾಯಿತು. 1939ರಷ್ಟು ಹಿಂದೆಯೇ, ವಿಜಯಪುರದ ಬಳಿಯ ಗುಣದಾಳ ಸೀಮೆಯನ್ನೂ ಒಳಗೊಂಡಿದ್ದ ಔಂಧ ಸಂಸ್ಥಾನದ ಅರಸನು ಗಾಂಧೀಜಿಯವರ ಸಲಹೆಯಂತೆ ಗ್ರಾಮ ಪಂಚಾಯತಿಯನ್ನೇ ಬುನಾದಿಯಾಗಿಟ್ಟು ಸಂವಿಧಾನ ರಚಿಸಿ ತನ್ನ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟನೆಂಬುದನ್ನು ನೆನೆದಾಗ, ಒಬ್ಬ ಸಣ್ಣ ಅರಸನಿಗಿದ್ದ ಧೈರ್ಯ ಗಣರಾಜ್ಯದ ಸರಕಾರಗಳಿಗೆ ಇಲ್ಲವಾಯಿತೇ ಎಂದು ವ್ಯಥೆಯಾಗುತ್ತದೆ.

ಪಟ್ಟಣಗಳಿಗೆ ಇಷ್ಟೂ ಇಲ್ಲ. ಮಗ್ಗದ ಸದ್ದಿನಿಂದಲೇ ಬೆಳಗಾಗುವ ರಬಕವಿ-ಬನಹಟ್ಟಿಗೆ ನಗರಸಭೆಯಿದೆ; ಆದರೆ ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ಮಾತ್ರ. ನೂಲಿಗೆ ಬಣ್ಣ ಹಾಕಿದ ನೀರು ಯಾವ ಗಟಾರಕ್ಕೆ ಹೋಗಬೇಕು, ನಳದ ನೀರು ಯಾವ ಓಣಿಗೆ ಎಂದು ಬರಬೇಕು ಎಂಬುದನ್ನು ನೇಕಾರನು ತನ್ನ ಓಣಿಯವರೊಡನೆ ಕೂತು ನಿರ್ಣಯಿಸುವ ಸಭೆ ಸಂವಿಧಾನದ ಕಡ್ಡಾಯದಿಂದ ಹೊರಗೇ ಉಳಿಯಿತು.

ಬೀಳಗಿಯ ಕಥೆ ಬೇರೆ, ನೋವೂ ಬೇರೆ. ಜಮಖಂಡಿಯ ರೈತನು ನೀರನ್ನು ತಾನು ಬಯಸಿ ನಿಲ್ಲಿಸಿಕೊಂಡನು. ಬೀಳಗಿಯವನ ಮನೆಬಾಗಿಲಿಗೆ ಅದು ಅವನನ್ನು ಕೇಳದೆಯೇ ಬಂದಿತು. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ, ಗುಡಿ, ಹಿರಿಯರ ಗೋರಿಗಳನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರು ನಾಡಿನ ದೂರದ ಹೊಲಗಳು ಹಸಿರಾಗಲೆಂದು ತಮ್ಮ ಹೊಲಗಳನ್ನು ಕಳೆದುಕೊಂಡವರು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿದ ಮೇಲೆ, ಇನ್ನಷ್ಟು ಊರುಗಳ ಮೇಲೆ ಅದೇ ನೆರಳು ಬಿದ್ದಿದೆ. ಇದರ ಕ್ರೌರ್ಯ ಮುಳುಗಡೆಯಲ್ಲಿರುವಷ್ಟೇ ಕಾಯುವಿಕೆಯಲ್ಲಿಯೂ ಇದೆ: ಇಂದೋ ನಾಳೆಯೋ ಮುಳುಗುವುದೆಂದು ಗುರುತಾದ ಊರಿನಲ್ಲಿ ರಸ್ತೆಗೆ ದುಡ್ಡು ಹಾಕುವವರಾರು, ಮನೆಯ ಮಾಳಿಗೆಯನ್ನು ರಿಪೇರಿ ಮಾಡಿಸುವವರಾರು, ಅಲ್ಲಿಗೆ ಹೆಣ್ಣು ಕೊಡುವವರಾರು? 2013ರ ಭೂಸ್ವಾಧೀನ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿ, ಅದನ್ನು ಪಂಚಾಯತಿಯೊಡನೆ ಸಮಾಲೋಚಿಸಿಯೇ ನಡೆಸಬೇಕೆಂದು ಹೇಳುತ್ತದೆ. ಪರಿಹಾರದ ದರ ಎಷ್ಟೆಂಬ ಚರ್ಚೆಗೆ ರಾಜಧಾನಿಯಲ್ಲಿ ದೊರೆತಿರುವ ಕಾಲದ ಒಂದಂಶವಾದರೂ, ಹೊಸ ಊರು ಎಲ್ಲಿರಬೇಕು, ದನಗಳಿಗೆ ಗಾಯರಾಣ ಎಲ್ಲಿ, ಯಾವ ಓಣಿಯವರು ಯಾರ ಮಗ್ಗುಲಿಗೆ ಎಂಬುದನ್ನು ಆ ಊರವರೇ ಕೂತು ಬರೆಯುವುದಕ್ಕೆ ದೊರೆಯಬೇಡವೆ?

ಮುಧೋಳ-ಜಮಖಂಡಿಗಳ ಎರೆಹೊಲಗಳಲ್ಲಿ ಕಾಣುವ ಸವಳಿನ ಸಮಸ್ಯೆಯನ್ನು ಕಡೆಗೆ ಎತ್ತಿಕೊಳ್ಳುತ್ತೇನೆ. ಶ್ರಮಬಿಂದು ಸಾಗರದ ಮಾದರಿ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿಂದ ಮುಂದೆ ನಡೆಯದು ಎಂಬುದನ್ನು ಇದರಷ್ಟು ನಿಚ್ಚಳವಾಗಿ ತೋರಿಸುವುದು ಬೇರೊಂದಿಲ್ಲ. ವರ್ಷವಿಡೀ ನೀರುಂಡ ಎರೆಮಣ್ಣು ಬೇಗ ಬಸಿಯಲಾರದು. ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆರಿ, ಲವಣ ಮಾತ್ರ ಮೇಲುಳಿಯುತ್ತದೆ. ಮೊದಲು ಕಬ್ಬಿನ ಮೊಳಕೆ ಅಲ್ಲಲ್ಲಿ ಬೋಳಾಗುತ್ತದೆ, ಆಮೇಲೆ ಬಿಳಿಯ ಹೊಪ್ಪಳೆ ಕಾಣಿಸುತ್ತದೆ, ಕೊನೆಗೆ ಹುಲ್ಲೂ ಹುಟ್ಟದು. ಇದಕ್ಕೆ ಮದ್ದು ಬಸಿಗಾಲುವೆ. ಆದರೆ ನೀರನ್ನು ಮಿತಿಮೀರಿ ಹಾಯಿಸಿದವನು ಮೇಲಿನ ಹೊಲದವನು, ಸವಳಾದುದು ಕೆಳಗಿನ ಹೊಲದವನದು. ಕಾಲುವೆ ಹಾಯಬೇಕಾದುದು ನಡುವಿನ ನಾಲ್ವರ ಹೊಲಗಳಲ್ಲಿ, ಬಸಿದ ನೀರು ಸೇರಬೇಕಾದುದು ಇನ್ನೊಂದು ಊರಿನ ಹಳ್ಳಕ್ಕೆ. ಅಣೆ ಕಟ್ಟುವಾಗ ಪಟ್ಟಿ ಕೊಟ್ಟ ಪ್ರತಿಯೊಬ್ಬನಿಗೂ ಲಾಭವಿತ್ತು. ಆದಕಾರಣ ಒಬ್ಬ ನಿಷ್ಠಾವಂತ ಮುಂದಾಳಿನ ಕರೆಯೇ ಸಾಕಾಯಿತು. ಇಲ್ಲಿ ಮೇಲಿನವನಿಗೆ ಲಾಭವಿಲ್ಲ, ನಡುವಿನವನಿಗೆ ನಷ್ಟವೇ ಉಂಟು, ನೊಂದವನಿಗೆ ಪಟ್ಟಿ ಕೊಡುವ ಶಕ್ತಿಯೇ ಉಳಿದಿಲ್ಲ. ಸ್ವಯಂಪ್ರೇರಣೆಯ ಸಂಘಕ್ಕೆ ಒಲ್ಲದವನನ್ನು ಒಪ್ಪಿಸುವ ಅಧಿಕಾರವಿಲ್ಲ. ಅದಕ್ಕೆ ಬೇಕಾದುದು, ಮೂರೂ ಹೊಲಗಳವರನ್ನು ಒಂದೇ ಜಮಖಾನದ ಮೇಲೆ ಕೂಡಿಸಿ, ನಕಾಶೆಯನ್ನು ಬಿಡಿಸಿಟ್ಟು, ಕಾಲುವೆಯ ದಾರಿಯನ್ನೂ, ನಡುವಿನವನಿಗೆ ಸಲ್ಲಬೇಕಾದ ಪರಿಹಾರವನ್ನೂ, ಮೇಲಿನವನು ಹೊರಬೇಕಾದ ಪಾಲನ್ನೂ, ಕಬ್ಬಿನ ಬಿಲ್ಲಿನಿಂದ ಅದನ್ನು ಮುರಿದುಕೊಳ್ಳುವ ಬಗೆಯನ್ನೂ ಗೊತ್ತುಮಾಡಿ ಠರಾವು ಬರೆದು ಅದನ್ನು ನಡೆಸಬಲ್ಲ ಪಂಚಾಯತಿ. ಕೆಳಗಿನ ಊರಿನ ಹಳ್ಳದ ವಿಷಯ ಬಂದಾಗ ಆ ಊರವರೊಡನೆ ಮಾತಾಡಬಲ್ಲ, ಚುನಾಯಿತ ಸದಸ್ಯರಿರುವ ತಾಲೂಕು ಪಂಚಾಯತಿ. ಒಂದು ಹಳ್ಳದ ಸರಹದ್ದಿನಲ್ಲಾದರೂ ಇದನ್ನು ಹೊಳೆಸಾಲಿನವರು ಮಾಡಿ ತೋರಿಸಬಲ್ಲರೆಂದು ನಾನು ಪೂರ್ಣ ಮನಸ್ಸಿನಿಂದ ನಂಬಿದ್ದೇನೆ. ಏಕೆಂದರೆ ಕೃಷ್ಣೆಯಂತಹ ಹೊಳೆಗೆ ಅಡ್ಡಕಟ್ಟಿದ ಜನಕ್ಕೆ ಹಣದ ಲೆಕ್ಕವೂ ಗೊತ್ತು, ಅಗೆತದ ಕೆಲಸವೂ ಗೊತ್ತು. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ, ಮನೆಗಳ ಪಟ್ಟಿಗಿಂತ ಮೊದಲು, ಬಸಿಗಾಲುವೆಯೆಂಬ ಒಂದು ಬಾಬು ಸೇರಬೇಕಾಗಿದೆ.