ಸೇವಾಯಾತ್ರೆಯೂ ‘ಆದರೂ’ ಎಂಬ ಅವ್ಯಯವೂ

ಬೇಸಿಗೆಯ ರಜೆ ಮುಗಿಯುವುದಕ್ಕೆ ಮುನ್ನ ಬರುವ ಯಾವುದಾದರೊಂದು ಭಾನುವಾರ ಅಮೆರಿಕದ ಮಧ್ಯಮವರ್ಗದ ಪ್ರಾಟೆಸ್ಟಂಟ್ ಸಭೆಯೊಂದನ್ನು ಹೊಕ್ಕರೆ, ಒಂದೇ ಬಣ್ಣದ ಅಂಗಿ ತೊಟ್ಟ ಹತ್ತಿಪ್ಪತ್ತು ಮಂದಿ ಯೌವನಸ್ಥರು ವೇದಿಕೆಯ ಮೇಲೆ ಸಾಲಾಗಿ ನಿಂತು, ತಾವು ಒಂದು ವಾರ ಕಾಲ ಬಡವರ ಮನೆಗಳನ್ನು ದುರಸ್ತಿ ಮಾಡಿ ಬಂದ ಬಗೆಯನ್ನೂ ಅದರಿಂದ ತಮ್ಮ ಜೀವಿತವೇ ಪರಿವರ್ತನೆ ಹೊಂದಿದ ಬಗೆಯನ್ನೂ ಸಾಕ್ಷಿ ಹೇಳುವ ದೃಶ್ಯ ಕಾಣಸಿಗುವ ಸಂಭವ ಬಹಳ. ಸಾಕ್ಷಿಗಳು ಮುಗಿದ ತರುವಾಯ ಸಭಾಪಾಲಕರು, ಮಕ್ಕಳ ಸಂಗಡ ಹೋಗಿದ್ದ ನಾಲ್ಕೈದು ಮಂದಿ ಹಿರಿಯರನ್ನು ಎಬ್ಬಿಸಿ ನಿಲ್ಲಿಸಿ, ವರ್ಷದ ರಜೆಯನ್ನೇ ತ್ಯಾಗ ಮಾಡಿದವರೆಂದು ಕೊಂಡಾಡುತ್ತಾರೆ. ಸಭೆ ಕರತಾಡನ ಮಾಡುತ್ತದೆ. ಓಹಾಯೊ ಸಂಸ್ಥಾನದ ಒಂದು ಸಭೆಯಲ್ಲಿ ಹಾಗೆ ಎದ್ದು ನಿಂತವರೊಳಗೆ ಮೂರು ವರ್ಷ ನಾನೂ ಒಬ್ಬನಾಗಿದ್ದೆ. ಆ ಮೂರು ಕರತಾಡನಗಳ ಋಣವೇ ಈ ವಿಮರ್ಶೆಗೆ ಪ್ರೇರಣೆ. ಮಕ್ಕಳ ಪರಿವರ್ತನೆಗೆ ಸಲ್ಲುತ್ತಿರುವ ಕೀರ್ತಿ ಯೋಗ್ಯತೆಯನ್ನು ಮೀರಿ ಉಬ್ಬಿದೆಯೆಂದೂ, ಸಂಗಡ ಹೋಗುವ ಹಿರಿಯರ ಕೆಲಸವು ಒಂದು ಕಲೆಯೆಂಬ ಅರಿವೇ ಯಾರಿಗೂ ಇಲ್ಲದೆ ಉಪೇಕ್ಷೆಗೆ ಗುರಿಯಾಗಿದೆಯೆಂದೂ ನಾನು ಮೊದಲೇ ತೀರ್ಮಾನಿಸಿಕೊಂಡಿದ್ದೇನೆ. ಓದುಗರು ಇದನ್ನು ಗಮನದಲ್ಲಿಟ್ಟುಕೊಂಡೇ ಮುಂದುವರಿಯತಕ್ಕದ್ದು.

ಈ ಪದ್ಧತಿಯ ಪೂರ್ವಕಥೆಯನ್ನು ಬಲ್ಲವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. 1963ರಲ್ಲಿ ಹ್ಯಾರಿ ಕಾಡಿಲ್ಲರ ‘ನೈಟ್ ಕಮ್ಸ್ ಟು ದಿ ಕಂಬರ್ಲ್ಯಾಂಡ್ಸ್’ ಎಂಬ ಗ್ರಂಥವು ಕೆಂಟಕಿಯ ಪೂರ್ವಭಾಗದ ಕಲ್ಲಿದ್ದಲ ಕಣಿವೆಗಳ ದೈನ್ಯವನ್ನು ದೇಶದ ಮುಂದಿಟ್ಟುದು, ಮರುವರ್ಷ ಅಧ್ಯಕ್ಷ ಜಾನ್ಸನ್ನರು ಬಡತನದ ಮೇಲೆ ಯುದ್ಧ ಸಾರಿ ಅದೇ ಸೀಮೆಯ ಒಂದು ಮನೆಯ ಜಗಲಿಯಲ್ಲಿ ಕುಳಿತು ಚಿತ್ರ ತೆಗೆಸಿಕೊಂಡುದು, 1969ರಲ್ಲಿ ಟೆಕ್ಸ್ ಇವಾನ್ಸ್ ಎಂಬ ಮೆಥೊಡಿಸ್ಟ್ ಬೋಧಕರು ಐವತ್ತು ಮಂದಿ ಸ್ವಯಂಸೇವಕರನ್ನು ಬಾರ್ಬರ್‌ವಿಲ್ ಎಂಬ ಊರಿಗೆ ಕರೆತಂದು ನಾಲ್ಕು ಮನೆಗಳನ್ನು ದುರಸ್ತಿ ಮಾಡಿಸಿ ಅಪಲೇಚಿಯ ಸರ್ವಿಸ್ ಪ್ರಾಜೆಕ್ಟನ್ನು ಆರಂಭಿಸಿದುದು, ಇವೆಲ್ಲ ತಿಳಿದ ಸಂಗತಿಗಳೇ. ಆ ಮಾದರಿಯನ್ನು ಅನುಸರಿಸುವ ಸಂಸ್ಥೆಗಳು ಇಂದು ಅನೇಕ. ನಾನು ಹೋದದ್ದು ಅಂಥದೊಂದರ ಮೂಲಕ, ಅದರ ಹೆಸರು ಇಲ್ಲಿ ಅನವಶ್ಯಕ. ಭಾನುವಾರ ವ್ಯಾನಿನಲ್ಲಿ ಹೊರಟು, ಬೇಸಿಗೆಯಲ್ಲಿ ಬರಿದಾಗಿರುವ ಯಾವುದೋ ಶಾಲೆಯ ನೆಲದ ಮೇಲೆ ಹಾಸಿಗೆ ಹಾಸಿ, ಐದಾರು ಮಕ್ಕಳಿಗೆ ಇಬ್ಬರು ಹಿರಿಯರಂತೆ ಗುಂಪಾಗಿ, ಅಲ್ಲಿಯವರು ಹಾಲರ್ ಎಂದು ಕರೆಯುವ ಇಕ್ಕಟ್ಟಾದ ಕಣಿವೆಗಳೊಳಗೆ ದಿನವೂ ಹೋಗಿ, ಚಾವಣಿಗೆ ಶಿಂಗಲ್ ಹೊಡೆದು, ಮೊಬೈಲ್ ಹೋಮಿನ ಬುಡದ ಸುತ್ತ ಚಳಿ ನುಗ್ಗದಂತೆ ಅಂಡರ್‌ಪಿನ್ನಿಂಗ್ ಕಟ್ಟಿ, ಶುಕ್ರವಾರ ಸಂಜೆ ಕೈ ತೊಳೆದುಕೊಳ್ಳುವುದು ಇದರ ಕ್ರಮ.

ಹಿರಿಯರಿಗೆಂದು ಬರೆದ ಕೈಪಿಡಿಗಳಲ್ಲಿ ದೋಷವೆಣಿಸುವುದು ಕಷ್ಟ. ಮಕ್ಕಳ ಮೇಲಣ ದೌರ್ಜನ್ಯವನ್ನು ತಡೆಯುವುದಕ್ಕಾಗಿ ಯುನೈಟೆಡ್ ಮೆಥೊಡಿಸ್ಟರ ಮಹಾಸಭೆ 1996ರಲ್ಲಿಯೂ, ಘೋರವಾದ ಹಗರಣಗಳ ತರುವಾಯ ಕ್ಯಾಥೊಲಿಕ್ ಬಿಷಪ್ಪರು 2002ರಲ್ಲಿ ಡಲ್ಲಾಸಿನಲ್ಲಿ ಸೇರಿಯೂ ಅಂಗೀಕರಿಸಿದ ಠರಾವುಗಳ ಫಲವಾಗಿ, ಒಂಟಿ ಹಿರಿಯನು ಒಂಟಿ ಮಗುವಿನೊಡನೆ ಮರೆಯಲ್ಲಿರಕೂಡದೆಂಬ ನಿಯಮ ಈಗ ಎಲ್ಲೆಡೆಯೂ ನೆಲೆಗೊಂಡಿದೆ, ಅದು ನೆಲೆಗೊಳ್ಳಬೇಕಾದುದೇ. ಏಣಿಯ ಆನಿಕೆ ನಾಲ್ಕಡಿ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ ಒಂದಡಿ ದೂರವಿರಬೇಕು, ಏಣಿಯ ತುದಿ ಚಾವಣಿಯಂಚಿಗಿಂತ ಮೂರಡಿ ಮೇಲಕ್ಕೆ ಚಾಚಿರಬೇಕು, ಔಷಧದ ಪೆಟ್ಟಿಗೆಗೆ ಬೀಗವಿರಬೇಕು, ವ್ಯಾನು ಹೊರಡುವ ಮುನ್ನ ತಲೆ ಎಣಿಸಬೇಕು: ಇವುಗಳಲ್ಲಿ ಯಾವುದನ್ನು ತಾನೆ ಬೇಡವೆನ್ನಬಹುದು? ಫ್ರೆಂಚ್ ಮೂಲದ ಶಾಪರೋನ್ ಎಂಬ ಪದಕ್ಕೆ ಮೊದಲ ಅರ್ಥ ತಲೆಮುಸುಕು. ಆ ಮುಸುಕನ್ನು ಮಕ್ಕಳ ತಲೆಯ ಮೇಲೆ ಎಳೆಯುವ ವಿಧಾನಗಳನ್ನೆಲ್ಲ ಕೈಪಿಡಿ ಹೇಳಿಕೊಡುತ್ತದೆ. ಯಾರ ಮನೆಯೊಳಕ್ಕೆ ಮಕ್ಕಳನ್ನು ನುಗ್ಗಿಸುತ್ತೇವೋ ಅವರ ಮಾನದ ಮೇಲೆ ಎಳೆಯಬೇಕಾದ ಮುಸುಕಿನ ವಿಷಯದಲ್ಲಿ ಮಾತ್ರ ಅದು ಮೌನವಾಗಿದೆ. ನನ್ನ ತಕರಾರು ಇಲ್ಲಿಂದ ಆರಂಭ.

ಪ್ರತಿ ರಾತ್ರಿ ಊಟವಾದ ಮೇಲೆ ಮಕ್ಕಳು ವೃತ್ತಾಕಾರವಾಗಿ ಕೂಡುತ್ತಾರೆ. ಹಿರಿಯರಲ್ಲೊಬ್ಬರು, ಈ ದಿನ ದೇವರನ್ನು ಎಲ್ಲಿ ಕಂಡಿರಿ ಎಂದು ಕೇಳುತ್ತಾರೆ. ಮೊದಲನೆಯ ವರ್ಷದ ಸೋಮವಾರ ರಾತ್ರಿ ಹದಿನಾರರ ಹುಡುಗಿಯೊಬ್ಬಳು, ನಾವು ಅಂದು ಕೆಲಸಕ್ಕೆ ತೊಡಗಿದ ಮನೆಯ ವೃದ್ಧೆಯನ್ನು ಕುರಿತು, ‘ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ’ ಎಂದಳು. ಹೇಳುವಾಗ ಅವಳ ಕಣ್ಣು ತೇವವಾಗಿತ್ತು. ಅವಳ ಪ್ರಾಮಾಣಿಕತೆಯನ್ನು ನಾನು ಸಂದೇಹಿಸುವುದಿಲ್ಲ. ಬುಧವಾರದ ಹೊತ್ತಿಗೆ ಆರು ಮಕ್ಕಳು ಅದೇ ವಾಕ್ಯವನ್ನು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಹೇಳಿದ್ದರು. ಭಾನುವಾರ ಅದು ವೇದಿಕೆ ಏರಿತು. ಮುಂದಿನ ಎರಡು ವರ್ಷಗಳಲ್ಲಿ ಬೇರೆ ಮಕ್ಕಳು, ಬೇರೆ ಕಣಿವೆ, ಬೇರೆ ಮನೆ. ವಾಕ್ಯ ಮಾತ್ರ ಅದೇ. ಇಷ್ಟು ಊರ್ಜಿತವಾದ ವಾಕ್ಯವೊಂದು ಕಾವ್ಯದಲ್ಲಿ ದೊರೆತಿದ್ದರೆ ನಾವು ಪದಪದವಾಗಿ ಬಿಡಿಸಿ ನೋಡುತ್ತಿರಲಿಲ್ಲವೆ?

‘ಅವರ’ ಎಂಬುದರಿಂದ ತೊಡಗೋಣ. ಕನ್ನಡದಲ್ಲಿ ಈ ರೂಪ ಒಬ್ಬರೇ ಹಿರಿಯರಿಗೆ ಸಲ್ಲುವ ಗೌರವವೂ ಆಗಬಹುದು, ಹಲವರ ಗುಂಪೂ ಆಗಬಹುದು. ಈ ಸೌಜನ್ಯಪೂರ್ಣವಾದ ಸಂದಿಗ್ಧತೆ ಅವಳ ಇಂಗ್ಲಿಷಿನಲ್ಲಿರಲಿಲ್ಲ. ನಾವು ಕಂಡದ್ದು ಒಬ್ಬ ಮುದುಕಿಯನ್ನು. ಹುಡುಗಿಯ ಸರ್ವನಾಮ ಸೂಚಿಸಿದ್ದು ಒಂದು ಜಾತಿಯನ್ನು. ಹೆಸರು, ಮನೆತನ, ಮೊಣಕಾಲಿನ ನೋವು, ಮಾತಿನ ಮೊನಚು ಇವೆಲ್ಲ ಇದ್ದ ಒಬ್ಬಾಕೆ ಬೆಳಗಿನಿಂದ ರಾತ್ರಿಗೆ ‘ಬಡವರು’ ಎಂಬ ಬಹುವಚನದಲ್ಲಿ ಲೀನವಾಗಿ ಹೋಗಿದ್ದಳು.

‘ಏನೂ ಇಲ್ಲ’ ಎಂಬುದು ವಾಸ್ತವಕ್ಕೆ ವಿರುದ್ಧ. ಆ ಮನೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಭರಣಿಗಳಲ್ಲಿ ಮುಚ್ಚಿಟ್ಟ ತರಕಾರಿ ಇತ್ತು. ನಾಲ್ಕು ತಲೆಮಾರಿನ ಹುಟ್ಟುಸಾವುಗಳನ್ನು ಬರೆದಿಟ್ಟ ಬೈಬಲು ಇತ್ತು. ಗಣಿಯಲ್ಲಿ ದುಡಿದ ಗಂಡನ ಶಿರಸ್ತ್ರಾಣ ಮೊಳೆಗೆ ತೂಗುತ್ತಿತ್ತು. ಮನೆಯ ಹಿಂದಣ ಗುಡ್ಡದ ಮೇಲೆ ಆಕೆಯವರ ಸಮಾಧಿಗಳಿದ್ದುವು. ಹುಡುಗಿ ಮಾಡಿದುದು ಆಕೆಯ ಆಸ್ತಿಯ ಗಣನೆಯಾಗಿರಲಿಲ್ಲ. ತನ್ನ ಮನೆಯ ವಸ್ತುಗಳನ್ನು ಒಂದೊಂದಾಗಿ ಆಕೆಯ ಮನೆಯಲ್ಲಿ ಹುಡುಕಿ, ಕಾಣದೆ, ಆ ಪಟ್ಟಿಯ ಕೆಳಗೆ ಸೊನ್ನೆ ಬರೆದಿದ್ದಳು. ಇನ್ನು ‘ಸಂತೋಷ’ಕ್ಕೆ ಆಧಾರವೇನು? ಮುದುಕಿ ನಕ್ಕಿದ್ದಳು, ಅಷ್ಟೆ. ಮನೆಗೆ ಬಂದವರನ್ನು ನಗುಮುಖದಿಂದ ಎದುರುಗೊಳ್ಳದ ಗೃಹಿಣಿ ಯಾವ ದೇಶದಲ್ಲಿದ್ದಾಳೆ? ಬಂದವರು ಚಾವಣಿಯ ಮೇಲೆ ಸುತ್ತಿಗೆ ಹಿಡಿದು ಕುಳಿತಿರುವಾಗಲಂತೂ ನಗುವುದು ವಿವೇಕವೂ ಹೌದು.

ವಾಕ್ಯದ ಜೀವವಿರುವುದು ‘ಆದರೂ’ ಎಂಬ ಅವ್ಯಯದಲ್ಲಿ. ಸಂತೋಷವು ಸೊತ್ತಿನ ಬೆನ್ನು ಹಿಡಿದು ಬರುವುದೇ ನಿಸರ್ಗನಿಯಮವೆಂದು ಮೊದಲೇ ಒಪ್ಪಿಕೊಂಡವರಿಗಲ್ಲದೆ ಈ ಪದದ ಅವಶ್ಯಕತೆ ಬೀಳುವುದಿಲ್ಲ. ಆದಕಾರಣ, ಪ್ರಪಂಚದ ಮೋಹವನ್ನು ತೊರೆದ ಸಾಕ್ಷಿಯೆಂದು ನಾವು ತಲೆದೂಗುವ ಈ ಮಾತು, ಆ ಮೋಹದ ಸಿದ್ಧಾಂತವನ್ನೇ ಅಪವಾದದ ಮೂಲಕ ದೃಢಪಡಿಸುತ್ತದೆ. ಅದಕ್ಕಿಂತ ಗುರುತರವಾದುದು ಇನ್ನೊಂದಿದೆ. ‘ಅವರ ಬಳಿ ಏನೂ ಇಲ್ಲ’ ಎಂದೊಡನೆ ಸಹಜವಾಗಿ ಹುಟ್ಟಬೇಕಾದುದು ‘ಏಕೆ?’ ಎಂಬ ಪ್ರಶ್ನೆ. ಏಕೆಂದರೆ ಆ ಗುಡ್ಡದ ಮೇಲಣ ಮಣ್ಣು ಮಾತ್ರ ಮನೆಯವರದಾಗಿ, ಕೆಳಗಣ ಕಲ್ಲಿದ್ದಲು ಅವರ ಅಜ್ಜಂದಿರ ಕಾಲದಲ್ಲಿಯೇ ‘ಬ್ರಾಡ್ ಫಾರ್ಮ್ ಡೀಡ್’ ಎಂಬ ಪತ್ರಗಳ ಮೂಲಕ ಕಂಪನಿಗಳ ಪಾಲಾಗಿತ್ತು. ಆ ಪತ್ರಗಳ ಬಲದಿಂದ ಮೇಲಣ ಮಣ್ಣನ್ನೂ ಅಗೆದು ಹಾಕುವ ಹಕ್ಕನ್ನು ಕೆಂಟಕಿಯ ಜನ ತಮ್ಮ ಸಂವಿಧಾನವನ್ನು ತಿದ್ದಿ ಕಟ್ಟಿಹಾಕಿದುದು 1988ರಲ್ಲಿ. ಏಕೆಂದರೆ ಯಂತ್ರಗಳು ಬಂದು ಗಣಿಯ ಕೂಲಿ ಕರಗಿತು. ಏಕೆಂದರೆ ಸತ್ತ ಹಿರಿಯನ ಹೆಸರಿನಲ್ಲಿಯೇ ಉಳಿದು ಹತ್ತಾರು ವಾರಸುದಾರರಲ್ಲಿ ಹಂಚಿಹೋದ ಮನೆಗೆ ದುರಸ್ತಿಯ ಸಾಲವಾಗಲಿ ಸರಕಾರದ ನೆರವಾಗಲಿ ದೊರಕುವುದು ದುಸ್ತರ. ‘ಏಕೆ’ ಕೂರಬೇಕಾದ ಪೀಠದಲ್ಲಿ ‘ಆದರೂ’ ಬಂದು ಕುಳಿತೊಡನೆ ಈ ಇತಿಹಾಸವೆಲ್ಲ ಒಂದು ಮುಗುಳುನಗೆಯಲ್ಲಿ ಕರಗಿ, ಇಲ್ಲದವರು ಇಲ್ಲದೆಯೇ ಸುಖಿಗಳೆಂದೂ, ಉಳ್ಳವರು ಲೆಕ್ಕ ಒಪ್ಪಿಸಬೇಕಾದುದಿಲ್ಲವೆಂದೂ ಎಲ್ಲರಿಗೂ ಸಮಾಧಾನವಾಗುತ್ತದೆ.

ಆ ಸೋಮವಾರ ವೃತ್ತದಲ್ಲಿದ್ದ ಹಿರಿಯನಾಗಿ ನಾನು ಏನು ಮಾಡಿದೆ? ತಲೆದೂಗಿದೆ, ‘ಎಂಥ ಸುಂದರವಾದ ಮಾತು’ ಎಂದೆ. ಯಾವ ಉತ್ತರಕ್ಕೆ ಹಿರಿಯರು ತಲೆದೂಗುತ್ತಾರೆಂಬುದನ್ನು ಮಕ್ಕಳು ಒಂದೇ ರಾತ್ರಿಯಲ್ಲಿ ಕಲಿಯುತ್ತಾರೆ. ಹಾಗೆ ನೋಡಿದರೆ ಆ ವಾಕ್ಯದ ಕರ್ತೃತ್ವ ಹುಡುಗಿಯದಕ್ಕಿಂತ ಹೆಚ್ಚಾಗಿ ನನ್ನದು.

ಈ ಪದ್ಧತಿಯನ್ನು ಖಂಡಿಸಿದವರು ಬಹಳ ಮಂದಿ. ಅವರೊಡನೆ ನನ್ನ ಸಖ್ಯ ಸ್ವಲ್ಪ ದೂರ ಮಾತ್ರ. ಮೆಕ್ಸಿಕೋವಿಗೆ ಸೇವೆಗೆಂದು ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳನ್ನು ಕುರಿತು 1968ರಲ್ಲಿ ಇವಾನ್ ಇಲ್ಲಿಚರು ಮಾಡಿದ ಭಾಷಣ ಈ ಖಂಡನಪರಂಪರೆಯ ಮೂಲಗ್ರಂಥ. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ; ನೆರವಾಗಲು ಮಾತ್ರ ಬರಬೇಡಿ ಎಂಬುದು ಅದರ ತಾತ್ಪರ್ಯ. ಅದರ ಧೈರ್ಯಕ್ಕೆ ನಮಸ್ಕಾರ. ಹಾಗಿದ್ದೂ ಆ ಭಾಷಣದಲ್ಲಿ ಮೆಕ್ಸಿಕೋವಿನ ಹಳ್ಳಿಗ ಎಷ್ಟು ಸಲ ಬಾಯಿ ತೆರೆಯುತ್ತಾನೆ? ಇಲ್ಲಿಚರ ದೃಷ್ಟಿ ಆದ್ಯಂತವಾಗಿ ಹೊರಟವರ ಅಂತಃಕರಣದ ಮೇಲೆಯೇ ನೆಟ್ಟಿದೆ. ಸಾಕ್ಷಿಯ ವೇದಿಕೆ ಯಾವ ಆತ್ಮವನ್ನು ಹೊಗಳುತ್ತದೆಯೋ ಅದೇ ಆತ್ಮವನ್ನು ಅವರು ಬಯ್ಯುತ್ತಾರೆ. ಪ್ರವಾಸಿಯಾಗಿ ಬಂದ ತರುಣನು ಜಗಲಿಯ ಮೇಲಣ ಮುದುಕಿಯನ್ನು ಬಹುವಚನವಾಗಿ ಕಾಣುವುದಿಲ್ಲವೆಂದು ಅವರು ಹೇಗೆ ನಂಬಿದರೋ ನನಗೆ ಅರ್ಥವಾಗದು. ಬರಿಯ ನೋಟಕ್ಕಿಂತ, ಒಂದೇ ಏಣಿಯ ಎರಡು ಬದಿ ಹಿಡಿಯುವುದರಲ್ಲಿ ಪರಸ್ಪರ ಗುರುತು ಹುಟ್ಟುವ ಸಂಭವ ಹೆಚ್ಚು.

ತರುವಾಯ ಬಂದವರು ಲೆಕ್ಕದವರು. ಹೊಂಡುರಾಸಿನಲ್ಲಿ 1998ರ ಮಿಚ್ ಚಂಡಮಾರುತದ ಬಳಿಕ ಕಟ್ಟಿದ ಮನೆಗಳನ್ನು ಪರಿಶೀಲಿಸಿದ ಕರ್ಟ್ ವರ್ ಬೀಕರು, ಹೊರನಾಡ ತಂಡಗಳು ಕಟ್ಟಿದ ಮನೆಗಳಲ್ಲಿರುವವರಿಗೂ ಸ್ಥಳೀಯರು ಕಟ್ಟಿದ ಮನೆಗಳಲ್ಲಿರುವವರಿಗೂ ಗಣ್ಯವಾದ ಭೇದವನ್ನು ಕಾಣಲಿಲ್ಲ. ಹೋಗಿಬಂದವರಲ್ಲಿಯೂ ಬಾಳುವಂಥ ಬದಲಾವಣೆ ಅವರಿಗೆ ಹೆಚ್ಚಾಗಿ ದೊರೆಯಲಿಲ್ಲ. ರಾಬರ್ಟ್ ಲಪ್ಟನ್ನರ ‘ಟಾಕ್ಸಿಕ್ ಚಾರಿಟಿ’ ಇಂಥ ಸಂಶಯಗಳನ್ನು 2011ರಲ್ಲಿ ಮನೆಮಾತಾಗಿಸಿತು. ಪರಿವರ್ತನೆಯ ಕೀರ್ತಿಯನ್ನು ಇಳಿಸುವುದರಲ್ಲಿ ಇವರು ನನ್ನ ಪಕ್ಷದವರು. ಇವರಿಂದ ಸ್ಫೂರ್ತಿ ಪಡೆದ ಸಣ್ಣ ವಿಮರ್ಶಕರಾದರೋ, ವ್ಯಾನಿನ ಬಾಡಿಗೆಯನ್ನು ಚೆಕ್ಕಾಗಿ ಕಳುಹಿಸಿದರೆ ಸಾಲದೆ ಎಂದು ಕೇಳಿ ಗೆದ್ದೆವೆಂದುಕೊಳ್ಳುತ್ತಾರೆ. ವಾರಸುದಾರರ ಗೋಜಿನಲ್ಲಿ ಸಿಕ್ಕ ಮನೆಗೆ ಚೆಕ್ಕು ಯಾರ ಹೆಸರಿಗೆ? ಮುದುಕಿಗೆ ಬೇಕಾದ ತಗಡು ಕೊಂಡರಾಯಿತು. ಅದನ್ನು ಹೊಡೆಯಬೇಕಾದ ಮೊಮ್ಮಕ್ಕಳು ಕೆಲಸ ಅರಸಿಕೊಂಡು ಓಹಾಯೊವಿಗೇ ಹೋಗಿದ್ದಾರಲ್ಲ! 2009ರ ‘ವೆನ್ ಹೆಲ್ಪಿಂಗ್ ಹರ್ಟ್ಸ್’ ಗ್ರಂಥದಲ್ಲಿ ಕಾರ್ಬೆಟ್, ಫಿಕರ್ಟ್ ಇಬ್ಬರು ಮಾತ್ರ, ಬಡವರು ತಮ್ಮ ಸ್ಥಿತಿಯನ್ನು ವರ್ಣಿಸುವಾಗ ಹಣಕ್ಕಿಂತ ಅವಮಾನದ ಮಾತನ್ನು ಹೆಚ್ಚಾಗಿ ಆಡುತ್ತಾರೆಂಬುದನ್ನು ಕಂಡುಕೊಂಡು, ವಿಷಯದ ಹೊಸ್ತಿಲವರೆಗೆ ಬಂದರು. ರಾತ್ರಿಯ ವೃತ್ತದಲ್ಲಿ ಕುಳಿತ ಹಿರಿಯನ ಕಡೆಗೆ ಅವರೂ ದೀಪ ಹಿಡಿಯಲಿಲ್ಲ.

ನನಗೆ ಈ ವಿಷಯದಲ್ಲಿ ಒಂದು ಆನುವಂಶಿಕವಾದ ಪಕ್ಷಪಾತವುಂಟು, ಅದನ್ನು ಮುಚ್ಚಿಡುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ನಾಲ್ಕು ತಲೆಮಾರು ಬೆಳೆದ ಮನೆತನ ನನ್ನದು. ಬಂದವರು ವಾರಕ್ಕೆ ಬಂದವರಲ್ಲ. ಮೋಗ್ಲಿಂಗರು ಪತ್ರಿಕೆ ನಡೆಸುವಷ್ಟು, ಕಿಟ್ಟೆಲರು 1894ರ ನಿಘಂಟನ್ನು ಕಟ್ಟುವಷ್ಟು ಕಾಲ ಕನ್ನಡವನ್ನು ಕೇಳಿದವರು. ಇಷ್ಟಾದರೂ ಬಾಸೆಲಿನಿಂದ ಹೊರಡುತ್ತಿದ್ದ ‘ಹೈಡೆನ್‌ಬೋಟೆ’ ಎಂಬ ಪತ್ರಿಕೆಯ ಜರ್ಮನ್ ಓದುಗರಿಗೆ ನಮ್ಮ ಮುತ್ತಜ್ಜಂದಿರು ಕಾಣಿಸಿಕೊಂಡದ್ದು ವರದಿಗಳ ಬಹುವಚನದಲ್ಲಿಯೇ ಇರಬೇಕು. ಯಾರದೋ ಸಾಕ್ಷಿಗೆ ಉದಾಹರಣೆಯಾಗುವುದು ಎಂದರೇನೆಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಆದುದರಿಂದಲೇ ನನ್ನ ತಲೆದೂಗುವಿಕೆ ಹೆಚ್ಚು ನಾಚಿಕೆಗೇಡಾದುದು.

ಕೊನೆಗೆ, ಈ ಕಲೆಯನ್ನು ಬಲ್ಲ ಒಬ್ಬರನ್ನು ನಾನು ಕಂಡೆನೆಂಬುದನ್ನು ಹೇಳಬೇಕು. ಮೂರನೆಯ ವರ್ಷ ನನ್ನ ಜೊತೆಗಿದ್ದ ಇನ್ನೊಬ್ಬ ಹಿರಿಯರು ನಿವೃತ್ತ ಎಲೆಕ್ಟ್ರೀಷಿಯನ್, ಮಿತಭಾಷಿ, ಪ್ರಾರ್ಥನೆಯಲ್ಲಿ ಕೂಡ ಎರಡು ವಾಕ್ಯ ಮೀರಿದವರಲ್ಲ. ಮಂಗಳವಾರ ರಾತ್ರಿ ಹುಡುಗನೊಬ್ಬ ವೃತ್ತದಲ್ಲಿ, ಆ ವರ್ಷದ ಮನೆಯ ಮುದುಕಿಯನ್ನು ಕುರಿತು, ಅದೇ ವಾಕ್ಯವನ್ನು ಆಡಿದನು. ನಾನು ಅಭ್ಯಾಸಬಲದಿಂದ ತಲೆದೂಗಲು ಕತ್ತೆತ್ತುವುದರೊಳಗೆ ಅವರು, ‘ಆ ಅಮ್ಮನ ಹೆಸರೇನು?’ ಎಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ‘ಜಗಲಿಯಲ್ಲಿ ದಾರಕ್ಕೆ ಪೋಣಿಸಿ ತೂಗುಹಾಕಿದ್ದಾರಲ್ಲ, ಅದೇನು?’ ಎಂದರು. ಅಲಂಕಾರವಿರಬೇಕೆಂದು ಹುಡುಗ ಹೇಳಿದನು. ‘ನಾಳೆ ಕೇಳಿಕೊಂಡು ಬಾ’ ಎಂದು ಅವರು ಸುಮ್ಮನಾದರು.

ಮರುದಿನ ಹುಡುಗ ಕೇಳಿದನು. ಅವು ಹುರುಳಿಕಾಯಿ, ಶಕ್ ಬೀನ್ಸ್ ಎಂದು ಅವುಗಳ ಹೆಸರು, ಎಳೆಯ ಕಾಯಿಯನ್ನು ನಾರು ತೆಗೆದು ಸೂಜಿಯಿಂದ ಪೋಣಿಸಿ ಒಣಗಿಸಿ, ಚಳಿಗಾಲದಲ್ಲಿ ರಾತ್ರಿಯೆಲ್ಲ ನೆನೆಸಿ ಹಂದಿಯ ಮಾಂಸದೊಡನೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಇದನ್ನು ಹೇಳುತ್ತ ಮುದುಕಿ ಸೂಜಿಯನ್ನು ಅವನ ಕೈಗೆ ಕೊಟ್ಟಳು, ಅವನು ಬೆರಳಿಗೆ ಚುಚ್ಚಿಕೊಂಡನು, ಆಕೆ ಬಯ್ದಳು. ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿಯನ್ನೂ ಬೇಯಿಸಿದ ಕಾಳನ್ನೂ ತಂದಿಟ್ಟಾಗ, ಮನೆಯವರಿಗೆ ಭಾರವಾಗಕೂಡದು, ತಂದ ಬುತ್ತಿಯನ್ನೇ ತಿನ್ನತಕ್ಕದ್ದು ಎಂಬ ಕೈಪಿಡಿಯ ನಿಯಮವನ್ನು ನಾನು ಜ್ಞಾಪಿಸಹೊರಟೆ. ನನ್ನ ಸಂಗಡಿಗರು ಆಗಲೇ ತಟ್ಟೆ ಹಿಡಿದು ಕುಳಿತಿದ್ದರು. ಎರಡು ದಿನ ಹೀಗೆ ಅರ್ಧರ್ಧ ಹೊತ್ತು ಜಗಲಿಯಲ್ಲಿಯೇ ಕಳೆಯಿತು. ಆಕೆಯ ಗಂಡನು ಯಾವ ಗಣಿಯಲ್ಲಿ ದುಡಿದನು, ಆ ಗಣಿ ಯಾರದಾಗಿತ್ತು, ಏಕೆ ಮುಚ್ಚಿತು ಎಂಬುದನ್ನೆಲ್ಲ ಹುಡುಗ ಕೇಳದೆಯೇ ಕೇಳಿಸಿಕೊಂಡನು. ರಾತ್ರಿಯ ವೃತ್ತದಲ್ಲಿ ಅವನು ಮತ್ತೆ ಹೆಚ್ಚು ಮಾತಾಡಲಿಲ್ಲ.

ಶುಕ್ರವಾರ ನಾವು ಹೊರಡುವಾಗ ಮನೆಯ ಹಿಂಬದಿಯ ಅಂಡರ್‌ಪಿನ್ನಿಂಗ್ ಅರ್ಧಕ್ಕೇ ನಿಂತಿತ್ತು. ಮುಂದಿನ ವಾರ ಬಂದ ತಂಡದವರು, ಹಿಂದಿನವರು ತಮಗೆ ವಹಿಸಿದ ಕೆಲಸವನ್ನು ಪೂರ್ತಿ ಮಾಡಿಲ್ಲವೆಂದು ವರದಿ ಬರೆದರಂತೆ. ಆ ವಾಕ್ಯದಲ್ಲಿ ತಿದ್ದಬೇಕಾದ ಒಂದು ಪದವೂ ನನಗೆ ಕಾಣುವುದಿಲ್ಲ. ಅದರಲ್ಲಿ ‘ಆದರೂ’ ಇಲ್ಲ.